ಅಪರಿಚಿತ ಸರೋವರದಲ್ಲಿ ವಸಂತದ ಗಾಳ: ಬಾಸ್ ಮತ್ತು ಕ್ರ್ಯಾಪಿ ಮೀನಿಗೆ ಪೂರ್ವಸಿದ್ಧತೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿಯು ಗಾಳ ಹಾಕುವವರ ಪಾಲಿಗೆ ಸುಗ್ಗಿಯ ಕಾಲ. ಚಳಿಗಾಲವನ್ನು ಆಳದಲ್ಲಿ ಕಳೆದ ಬಾಸ್ ಮತ್ತು ಕ್ರ್ಯಾಪಿ ಮೀನುಗಳು ಆಗ ಮೊಟ್ಟೆಯಿಡಲು ದಡದತ್ತ ಬರುತ್ತವೆ. ಅಲ್ಲಿನ ವರ್ತಕರಲ್ಲಿ ಅತಿಥಿಗಳನ್ನು ದೋಣಿಯಲ್ಲಿ ಕರೆದೊಯ್ಯುವ ರೂಢಿಯೂ ಉಂಟು. ವ್ಯಾಪಾರ ನಿಮಿತ್ತ ಹೋದವರಿಗಾಗಲಿ, ಡಲ್ಲಾಸ್ ಪರಿಸರದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗಾಗಲಿ ಬಿಡುವು ಸಿಗುವುದು ಒಂದೆರಡು ದಿನ ಮಾತ್ರ. ಸಿದ್ಧತೆಯಿಲ್ಲದೆ ಹೊರಟರೆ ಆ ದಿನಗಳೂ ಹಣವೂ ವ್ಯರ್ಥವಾಗುತ್ತವೆ. ನಿಯಮ ತಿಳಿಯದೆ ಮೀನು ಇಟ್ಟುಕೊಂಡರೆ ದಂಡವನ್ನೂ ತೆರಬೇಕಾದೀತು. ಟೆಕ್ಸಾಸ್‌ನ ಲೇಕ್ ಫೋರ್ಕ್ ಜಲಾಶಯವನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಿದ್ಧತೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಜಲಾಶಯದ ಪರಿಚಯ

ಡಲ್ಲಾಸ್ ನಗರದಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆಯ ರಸ್ತೆ ಪ್ರಯಾಣದಷ್ಟು ದೂರದಲ್ಲಿರುವ ಈ ಜಲಾಶಯದ ವಿಸ್ತೀರ್ಣ ಸುಮಾರು 27,000 ಎಕರೆ. 1980ರಲ್ಲಿ ಅಣೆಕಟ್ಟೆಯ ಬಾಗಿಲು ಮುಚ್ಚಿ ನೀರು ತುಂಬಿಸಿದಾಗ ಬಹುಭಾಗದ ಮರಗಳನ್ನು ಕಡಿಯದೆ ಹಾಗೆಯೇ ಬಿಡಲಾಯಿತು. ಕಬಿನಿ ಹಿನ್ನೀರಿನಲ್ಲಿ ನಿಂತಿರುವ ಒಣಮರಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಮುಳುಗಿದ ಕಾಡು ಮೀನಿಗೆ ಆಶ್ರಯ ನೀಡುತ್ತದೆ. ಅದೇ ಕಾಡು ದೋಣಿಗೆ ಅಪಾಯವನ್ನೂ ಒಡ್ಡುತ್ತದೆ.

ಈ ನೀರಿನ ಕೀರ್ತಿಗೆ ಎರಡು ಮೀನುಗಳು ಸಾಕ್ಷಿ. 1986ರಲ್ಲಿ ಇಲ್ಲಿ ಸಿಕ್ಕ 17.67 ಪೌಂಡ್ ತೂಕದ ಬಾಸ್, ದೊಡ್ಡ ಮೀನುಗಳನ್ನು ತಳಿ ಸಂವರ್ಧನೆಗೆ ಎರವಲು ಪಡೆಯುವ ರಾಜ್ಯ ಸರ್ಕಾರದ ‘ಶೇರ್‌ಲಂಕರ್’ ಯೋಜನೆಯ ಮೊದಲ ಮೀನಾಯಿತು. 1992ರ ಜನವರಿಯಲ್ಲಿ ಸಿಕ್ಕ 18.18 ಪೌಂಡ್, ಅಂದರೆ ಸುಮಾರು 8.2 ಕಿಲೋ ತೂಕದ ಬಾಸ್ ರಾಜ್ಯದ ದಾಖಲೆಯಾಗಿ ಉಳಿದಿದೆ. ಅದನ್ನು ಹಿಡಿದಾತ ಗಾಳ ಹಾಕಿದ್ದು ಕ್ರ್ಯಾಪಿಗೆಂದು, ಅದೂ ಸಣ್ಣ ಜೀವಂತ ಮೀನನ್ನು ಎರೆಯಾಗಿ ಬಳಸಿ. ಎರಡೂ ಜಾತಿಗಳು ಒಂದೇ ಆಸರೆಯಲ್ಲಿ ಸಿಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದಿನಾಂಕಕ್ಕಿಂತ ನೀರಿನ ಉಷ್ಣತೆ ಮುಖ್ಯ

ಪ್ರವಾಸದ ದಿನ ನಿಗದಿಪಡಿಸುವಾಗ ಪಂಚಾಂಗಕ್ಕಿಂತ ನೀರಿನ ಉಷ್ಣಮಾಪಕವನ್ನು ನಂಬುವುದು ಲೇಸು. ನೀರು 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್) ದಾಟುತ್ತಿದ್ದಂತೆ ಬಾಸ್ ಮೀನುಗಳು ಆಳದಿಂದ ಹೊರಟು ಕೊಲ್ಲಿಗಳ ಬಾಯಲ್ಲಿ ತಂಗಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. 60 ಡಿಗ್ರಿ (ಸುಮಾರು 16 ಸೆಲ್ಸಿಯಸ್) ಮುಟ್ಟಿದ ಮೇಲೆ ಗಂಡು ಮೀನು ದಡದ ಬಳಿಯ ಗಟ್ಟಿ ನೆಲದಲ್ಲಿ ಬಾಲದಿಂದ ಗುಳಿ ಮಾಡಿ ಗೂಡು ಸಿದ್ಧಪಡಿಸುತ್ತದೆ; ಹೆಣ್ಣು ಮೊಟ್ಟೆಯಿಟ್ಟು ಹೋದ ಬಳಿಕ ಕಾವಲು ಕಾಯುವುದೂ ಗಂಡೇ. ಕ್ರ್ಯಾಪಿ ಮೀನುಗಳೂ ಬಹುಮಟ್ಟಿಗೆ 60ರಿಂದ 68 ಡಿಗ್ರಿಯ ನಡುವೆ ಮೊಟ್ಟೆಯಿಡುತ್ತವೆ. ಹೀಗಾಗಿ ಎರಡನ್ನೂ ಬಯಸುವವರಿಗೆ ಇಲ್ಲಿ ಮಾರ್ಚ್ ಕೊನೆಯ ವಾರಗಳಿಂದ ಏಪ್ರಿಲ್ ಮೊದಲ ವಾರಗಳವರೆಗಿನ ಅವಧಿ ಸೂಕ್ತ.

ಉತ್ತರದಿಂದ ಶೀತಗಾಳಿ ಬೀಸಿದರೆ ಒಂದೇ ರಾತ್ರಿಯಲ್ಲಿ ಲೆಕ್ಕ ತಪ್ಪುತ್ತದೆ. ಅಂಥ ದಿನ ಮೀನುಗಳು ದಡ ಬಿಟ್ಟು ಸಮೀಪದ ಆಳಕ್ಕೆ ಸರಿಯುತ್ತವೆ. ಆದುದರಿಂದ ಗೊತ್ತುಪಡಿಸಿದ ದಿನಕ್ಕೆ ಎರಡು ಯೋಜನೆಗಳಿರಬೇಕು: ಬೆಚ್ಚಗಿದ್ದರೆ ದಡ, ಚಳಿ ಬಿದ್ದರೆ ಆಳ.

ನಕ್ಷೆಯ ಮೇಲೆ ಅರ್ಧ ಕೆಲಸ

ಅಪರಿಚಿತ ನೀರನ್ನೆಲ್ಲ ಸುತ್ತಿ ಬರಲು ಎರಡು ದಿನ ಸಾಲದು. ಆಳದ ಗೆರೆಗಳಿರುವ ನಕ್ಷೆಯನ್ನು ಮನೆಯಲ್ಲೇ ಓದಿ, ಇಡೀ ಜಲಾಶಯದಲ್ಲಿ ಎರಡು ಮೂರು ಕೊಲ್ಲಿಗಳನ್ನಷ್ಟೇ ಆರಿಸಿಕೊಳ್ಳುವುದು ಜಾಣತನ. ಉತ್ತರದ ಗಾಳಿಗೆ ಮರೆಯಿದ್ದು ಬಿಸಿಲು ಚೆನ್ನಾಗಿ ಬೀಳುವ ಕೊಲ್ಲಿಗಳು ಮೊದಲು ಬೆಚ್ಚಗಾಗುತ್ತವೆ. ಕೊಲ್ಲಿಯ ಬಾಯಿಯ ನೆಲಚಾಚು, ಒಳಗಿನ ಹಳೆಯ ಹಳ್ಳದ ಪಾತ್ರ, ಹಳ್ಳವು ದಡಕ್ಕೆ ಸಮೀಪಿಸುವ ತಿರುವು, ಈ ಮೂರನ್ನು ಗುರುತಿಸಿದರೆ ಮೀನು ಆಳದಿಂದ ದಡಕ್ಕೆ ಬರುವ ಹಾದಿ ತಿಳಿದಂತೆಯೇ. ಕ್ರ್ಯಾಪಿಗಾಗಿ ಸೇತುವೆಯ ಕಂಬಗಳನ್ನೂ ಮುಳುಗಿದ ಪೊದೆಗಳನ್ನೂ ಗುರುತು ಹಾಕಿಕೊಳ್ಳಬೇಕು.

ಜಲಾಶಯದ ಸಾಮಾನ್ಯ ಮಟ್ಟ ಸಮುದ್ರಮಟ್ಟದಿಂದ 403 ಅಡಿ. ಹೊರಡುವ ವಾರದ ಮಟ್ಟ ಇದಕ್ಕಿಂತ ಕೆಳಗಿದ್ದರೆ ನಕ್ಷೆಯ ಆಳದಿಂದ ಅಷ್ಟನ್ನು ಕಳೆಯಬೇಕು. ನೀರಿನಡಿಯ ಮರದ ತುದಿಗಳೂ ಮೇಲ್ಮೈಗೆ ಅಷ್ಟೇ ಹತ್ತಿರವಾಗಿರುತ್ತವೆ. ಗುರುತು ಮಾಡಿದ ದೋಣಿಮಾರ್ಗವನ್ನು ಬಿಟ್ಟೊಡನೆ ವೇಗ ತಗ್ಗಿಸುವುದು ಅನಿವಾರ್ಯ. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇರಲೇಬೇಕು.

ಪರವಾನಗಿ ಮತ್ತು ಅಳತೆಪಟ್ಟಿ

ಹದಿನೇಳು ವರ್ಷ ತುಂಬಿದ ಪ್ರವಾಸಿಗರು ಮೀನು ಹಿಡಿಯಲು ರಾಜ್ಯದ ಪರವಾನಗಿ ಪಡೆಯಬೇಕು. ವಿದೇಶಿ ಅತಿಥಿಗಳಿಗೂ ಇದು ಅನ್ವಯ. ಒಂದು ದಿನದ ಪರವಾನಗಿಯೂ ದೊರೆಯುತ್ತದೆ.

ಲೇಕ್ ಫೋರ್ಕ್‌ನ ವಿಶೇಷ ನಿಯಮಗಳನ್ನು ಮನನ ಮಾಡಿಕೊಳ್ಳಬೇಕು. 16ರಿಂದ 24 ಅಂಗುಲ ಉದ್ದದ ಬಾಸ್ ಮೀನನ್ನು ಒಡನೆ ನೀರಿಗೆ ಬಿಡತಕ್ಕದ್ದು. ದಿನಕ್ಕೆ ಐದು ಬಾಸ್ ಮಾತ್ರ. ಅವುಗಳಲ್ಲಿ 24 ಅಂಗುಲ ಅಥವಾ ಹೆಚ್ಚು ಉದ್ದದ್ದು ಒಂದೇ ಇರಬಹುದು. ಮೊಟ್ಟೆಯಿಡುವ ಹಿರಿಯ ಮೀನುಗಳನ್ನು ಉಳಿಸುವುದೇ ಇದರ ಉದ್ದೇಶ. ಕ್ರ್ಯಾಪಿ ದಿನಕ್ಕೆ 25, ಕನಿಷ್ಠ ಉದ್ದ 10 ಅಂಗುಲ. ಆದರೆ ಡಿಸೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ನಿಯಮ ತಲೆಕೆಳಗು: ಆಗ ಹಿಡಿದ ಪ್ರತಿ ಕ್ರ್ಯಾಪಿಯನ್ನೂ ಇಟ್ಟುಕೊಳ್ಳಲೇಬೇಕು. ಚಳಿಗಾಲದಲ್ಲಿ ಬಲು ಆಳದಿಂದ ಮೇಲೆತ್ತಿದ ಮೀನು ಬಿಟ್ಟರೂ ಬದುಕುವುದು ಕಷ್ಟವೆಂಬುದೇ ಇದಕ್ಕೆ ಕಾರಣ. ಫೆಬ್ರವರಿ ಕೊನೆಗೆ ಹೋದವರಿಗೂ ಮಾರ್ಚ್ ಮೊದಲಿಗೆ ಹೋದವರಿಗೂ ಕಾನೂನು ಬೇರೆ ಬೇರೆ. ನಿಯಮಗಳು ಪರಿಷ್ಕರಣೆಗೊಳ್ಳುವುದರಿಂದ ಹೊರಡುವ ಮುನ್ನ ಆ ವರ್ಷದ ಅಧಿಕೃತ ಪುಸ್ತಿಕೆಯನ್ನು ನೋಡುವುದು ಕಡ್ಡಾಯವೆಂದೇ ತಿಳಿಯಬೇಕು. ಮೀನಿನ ಬಾಯಿ ಮುಚ್ಚಿ, ಬಾಲದ ತುದಿಗಳನ್ನು ಒತ್ತಿ ಹಿಡಿದು ಅಳೆಯುವುದು ಕ್ರಮ. ಹಿಂದಿರುಗುವಾಗ ದೋಣಿಯ ನೀರನ್ನೆಲ್ಲ ಬಸಿಯಬೇಕು; ಕಳೆ ಮತ್ತು ಚಿಪ್ಪುಜೀವಿಗಳು ಬೇರೆ ಕೆರೆಗಳಿಗೆ ಹರಡದಿರಲೆಂದು 2014ರಿಂದ ಇದು ರಾಜ್ಯದಾದ್ಯಂತ ಜಾರಿಯಲ್ಲಿದೆ.

ಸಲಕರಣೆ ಮತ್ತು ವೆಚ್ಚ

ಎರಡು ಬಗೆಯ ಗಾಳ ಸಾಕು. ಮರಗಳ ನಡುವಿನ ಬಾಸ್‌ಗೆ 15ರಿಂದ 20 ಪೌಂಡ್ ತಾಳುವ ದಾರ ಮತ್ತು ಗಟ್ಟಿ ಕೋಲು. ಕ್ರ್ಯಾಪಿಗೆ 4ರಿಂದ 8 ಪೌಂಡ್‌ನ ದಾರ, ಪುಟ್ಟ ಜಿಗ್ ಅಥವಾ ಸಣ್ಣ ಜೀವಂತ ಮೀನು. ಕ್ರ್ಯಾಪಿಯ ಬಾಯಿ ಕಾಗದದಷ್ಟು ತೆಳು. ಜಗ್ಗಿ ಎಳೆದರೆ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಮೆಲ್ಲನೆ ಎತ್ತಿ ಕೈಬಲೆಗೆ ತೆಗೆದುಕೊಳ್ಳಬೇಕು.

ಮೊದಲ ಬಾರಿ ಹೋಗುವವರು ಮೊದಲ ದಿನಕ್ಕಾದರೂ ಪರವಾನಗಿ ಪಡೆದ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಲಾಭಕರ. ದೋಣಿ, ಸಲಕರಣೆ ಮತ್ತು ಎರೆಯ ವೆಚ್ಚ ಶುಲ್ಕದಲ್ಲಿ ಸೇರಿದೆಯೇ, ಬಿರುಗಾಳಿಯಿಂದ ಪ್ರವಾಸ ರದ್ದಾದರೆ ಮುಂಗಡದ ಗತಿಯೇನು ಎಂಬುದನ್ನು ಬರಹದಲ್ಲಿ ಪಡೆಯಬೇಕು. ವಸಂತವೇ ಅಲ್ಲಿ ಗುಡುಗು ಮಳೆಯ ಕಾಲವೂ ಆಗಿರುವುದರಿಂದ ಇದು ಬರಿಯ ಔಪಚಾರಿಕತೆಯಲ್ಲ. ಮೊದಲ ದಿನ ಕಲಿತದ್ದನ್ನು ಎರಡನೆಯ ದಿನ ಸ್ವಂತವಾಗಿ ಪ್ರಯೋಗಿಸಬಹುದು.

ವರ್ತಕರು ಗಮನಿಸಬೇಕಾದದ್ದು

ಈ ಹವ್ಯಾಸದ ಹಿಂದಿನ ವ್ಯವಸ್ಥೆ ಸಣ್ಣ ತಯಾರಕರ ಅಧ್ಯಯನಕ್ಕೆ ಯೋಗ್ಯ. 1950ರ ಕೇಂದ್ರ ಕಾಯ್ದೆ ಮತ್ತು 1984ರ ವಿಸ್ತರಣೆಯ ಫಲವಾಗಿ ಕೋಲು, ರೀಲು, ಕೃತಕ ಎರೆ ಮುಂತಾದವುಗಳ ಮೇಲೆ ಬಹುತೇಕ ಶೇ. 10ರ ಅಬಕಾರಿ ತೆರಿಗೆಯಿದೆ. ಇದನ್ನು ತಯಾರಕ ಅಥವಾ ಆಮದುದಾರ ತೆರುತ್ತಾನೆ. ಈ ಹಣ ರಾಜ್ಯಗಳಿಗೆ ಹಂಚಿಕೆಯಾಗಿ ಮೀನುಮರಿ ಉತ್ಪಾದನೆಗೂ ದೋಣಿ ಇಳಿಸುವ ಕಟ್ಟೆಗಳಿಗೂ ಬಳಕೆಯಾಗುತ್ತದೆ. ಆ ಮಾರುಕಟ್ಟೆಗೆ ಸರಕು ಕಳುಹಿಸಬಯಸುವವರು ಬೆಲೆ ಕೂಡಿಸುವಾಗ ಆಮದುಸುಂಕದ ಜೊತೆಗೆ ಈ ತೆರಿಗೆಯನ್ನೂ ಖರೀದಿದಾರ ಲೆಕ್ಕ ಹಾಕುತ್ತಾನೆಂಬುದನ್ನು ಮರೆಯಬಾರದು. ವಸಂತದ ಮಾರಾಟಕ್ಕೆ ಬೇಕಾದ ಸರಕು ಚಳಿಗಾಲದಲ್ಲೇ ಅಂಗಡಿ ಸೇರಿರುತ್ತದೆ. ಮಾರ್ಚ್‌ನಲ್ಲಿ ಮಾದರಿ ತೋರಿಸಿದರೆ ಆ ವರ್ಷದ ಸುಗ್ಗಿ ಕೈತಪ್ಪಿದಂತೆಯೇ.

ಮೀನು ಬಿಡುವ ಪದ್ಧತಿಯೂ ವ್ಯಾಪಾರವನ್ನು ಕುಗ್ಗಿಸಲಿಲ್ಲ. 1986ರ ಆ ಬಾಸ್ ಮೀನನ್ನು ಮಿಸೌರಿಯ ದೊಡ್ಡ ಮಳಿಗೆಯೊಂದರ ಗಾಜಿನ ತೊಟ್ಟಿಯಲ್ಲಿ 1994ರಲ್ಲಿ ಅದು ಸಾಯುವವರೆಗೆ ಪ್ರದರ್ಶಿಸಲಾಯಿತು. ಸತ್ತ ಮೀನಿನ ಚರ್ಮಕ್ಕೆ ಬದಲು ಛಾಯಾಚಿತ್ರ ಮತ್ತು ಅಳತೆಯ ಆಧಾರದಿಂದ ಫೈಬರ್‌ಗ್ಲಾಸ್ ಪ್ರತಿಕೃತಿ ಮಾಡಿಕೊಡುವ ಕುಶಲ ಉದ್ಯೋಗವೂ ಬೆಳೆಯಿತು. ಸರೋವರದ ಸುತ್ತಲಿನ ವಸತಿಗೃಹ, ಎರೆ ಅಂಗಡಿ ಮತ್ತು ಗೈಡ್‌ಗಳ ಆದಾಯ ನಿಂತಿರುವುದು ನೀರಿನಲ್ಲಿ ಉಳಿದ ಮೀನಿನ ಮೇಲೆ. ಬಂಡವಾಳವನ್ನು ಕರಗಿಸದೆ ಬಡ್ಡಿಯಲ್ಲಿ ಬಾಳುವ ಈ ಕ್ರಮ ವರ್ತಕರಿಗೆ ಬೇಗ ಅರ್ಥವಾಗುವಂಥದು.

ನೀರಿನ ಉಷ್ಣತೆ, ಗುರುತು ಹಾಕಿದ ನಕ್ಷೆ, ಪರವಾನಗಿ, ಅಳತೆಪಟ್ಟಿ ಮತ್ತು ಗೈಡ್‌ನೊಂದಿಗಿನ ಬರಹದ ಒಪ್ಪಂದ, ಈ ಐದೂ ಸಿದ್ಧವಾದ ಬಳಿಕ ಪ್ರಯಾಣದ ದಿನ ಗೊತ್ತುಪಡಿಸಿದರೆ ಅಪರಿಚಿತ ಸರೋವರವೂ ಮೊದಲ ಭೇಟಿಯಲ್ಲೇ ಬಹುಮಟ್ಟಿಗೆ ಪರಿಚಿತವಾಗುತ್ತದೆ.