ಶಿಷ್ಯನಿಂದ ಗುರುವಿನ ಬೆಲೆ

ವೈದ್ಯನ ಯೋಗ್ಯತೆಯನ್ನು ಆತನ ಬಾಗಿಲಿಗೆ ಬಂದ ಆರೋಗ್ಯವಂತರಿಂದ ಅಳೆಯತಕ್ಕದ್ದೋ, ಗುಣಹೊಂದಿ ಹಿಂದಿರುಗಿದ ರೋಗಿಗಳಿಂದ ಅಳೆಯತಕ್ಕದ್ದೋ ಎಂದು ಕೇಳಿದರೆ ಉತ್ತರಕ್ಕಾಗಿ ಯಾರೂ ತಡವರಿಸುವುದಿಲ್ಲ. ಆದರೆ ಕಲಿಸುವವನ ವಿಷಯ ಬಂದೊಡನೆ ನಮ್ಮ ವಿವೇಚನೆಗೆ ಅದೇಕೋ ಮಸುಕು ಕವಿಯುತ್ತದೆ. ಮೊದಲೇ ಚುರುಕಾದ ಹುಡುಗರನ್ನು ಆರಿಸಿ ತನ್ನ ಸುತ್ತ ಕೂಡಿಸಿಕೊಂಡು, ಅವರು ಗೆದ್ದಾಗ ಹಾರವನ್ನು ತನ್ನ ಕೊರಳಿಗೆ ಹಾಕಿಸಿಕೊಳ್ಳುವವನನ್ನು ಮಹಾಗುರುವೆಂದು ಕೊಂಡಾಡುತ್ತೇವೆ. ಏನೂ ಅಲ್ಲದವನನ್ನು ಏನಾದರೊಂದನ್ನಾಗಿ ಮಾಡಿದವನ ಹೆಸರು ಊರಿನ ಎಲ್ಲೆಯನ್ನು ದಾಟುವುದಿಲ್ಲ. ಈ ತಪ್ಪು ತಕ್ಕಡಿಯನ್ನು ಸರಿಪಡಿಸುವ ಬಗೆ ಯಾವುದೆಂಬುದನ್ನು ಇಂದು ಅಮೆರಿಕದ ಆಟದ ಬಯಲಿನಿಂದ ಒಂದು ಉದಾಹರಣೆಯನ್ನು ತೆಗೆದುಕೊಂಡು ವಿಚಾರಮಾಡಬಯಸುತ್ತೇವೆ. ಆಟವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಪಾಠಶಾಲೆಯಲ್ಲಿ ಗುರುವಿನ ಫಲ ಕಾಣಲು ಇಪ್ಪತ್ತು ವರ್ಷ ಬೇಕು; ಆಟದಲ್ಲಿ ಅದು ಎರಡು ಮೂರು ವರ್ಷಗಳೊಳಗೆ, ಸಾವಿರಾರು ಕಣ್ಣುಗಳ ಮುಂದೆ, ಲೆಕ್ಕದ ಸಮೇತ ತೋರಿಬರುತ್ತದೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಕೊಟ್ಟು ತಡೆಯುವ ಆಟ. ಪಕ್ಷಕ್ಕೆ 11 ಮಂದಿ. ಚೆಂಡನ್ನು ಪಡೆದು ಎಲ್ಲಿಗೆ ಕಳಿಸಬೇಕೆಂದು ನಿಶ್ಚಯಿಸುವವನು ಕ್ವಾರ್ಟರ್‌ಬ್ಯಾಕ್. ಕೀರ್ತಿಯೆಲ್ಲವೂ ಬಹುಮಟ್ಟಿಗೆ ಆತನದು. ಆತನ ಮುಂದೆ ಐವರು ದೈತ್ಯಕಾಯರು ಗೋಡೆಯಂತೆ ನಿಲ್ಲುತ್ತಾರೆ: ನಡುವೆ ಸೆಂಟರ್ ಒಬ್ಬ, ಅವನ ಎರಡು ಪಕ್ಕದಲ್ಲಿ ಗಾರ್ಡ್‌ಗಳಿಬ್ಬರು, ಅಂಚಿನಲ್ಲಿ ಟ್ಯಾಕಲ್‌ಗಳಿಬ್ಬರು. ಈ ಐವರು ಚೆಂಡನ್ನು ಹಿಡಿದು ಓಡುವುದು ಬಹಳ ಅಪರೂಪ, ಅಂಕ ಗಳಿಸುವುದು ಇನ್ನೂ ಅಪರೂಪ. ಗೋಡೆ ನಿಂತರೆ ಯಾರೂ ನೋಡುವುದಿಲ್ಲ. ಬಿರುಕುಬಿಟ್ಟರೆ ನಾಯಕ ನೆಲಕ್ಕೆ ಬೀಳುತ್ತಾನೆ, ಲೋಕವೆಲ್ಲ ಬೆರಳು ತೋರಿಸುತ್ತದೆ.

ಈ ಆಟದಲ್ಲಿ ಮುಖ್ಯ ತರಬೇತುದಾರನ ಕೈಕೆಳಗೆ ಒಂದೊಂದು ಸ್ಥಾನದ ಆಟಗಾರರಿಗೆ ಒಬ್ಬೊಬ್ಬ ತರಬೇತುದಾರನಿರುತ್ತಾನೆ. ಪಂದ್ಯವನ್ನು ಗೆಲ್ಲುವ ಯೋಜನೆ ಆತನದಲ್ಲ. ಆಟಗಾರರನ್ನು ಕೊಳ್ಳುವ ಅಧಿಕಾರ ಬಹುಪಾಲು ಆತನಿಗಿಲ್ಲ. ತನ್ನ ಕೈಗೆ ಕೊಟ್ಟ ಏಳೆಂಟು ಮಂದಿಯನ್ನು ನಿನ್ನೆಗಿಂತ ಇಂದು ಮೇಲುಮಾಡುವುದೊಂದೇ ಆತನ ಕೆಲಸ. ಆದಕಾರಣ ಶುದ್ಧ ಬೋಧನೆಯ ಬೆಲೆಯನ್ನು ನೋಡಬೇಕೆನ್ನುವವರಿಗೆ ಇವನಿಗಿಂತ ಒಳ್ಳೆಯ ಪಾತ್ರ ದೊರೆಯಲಾರದು.

ಇಂಥವರಲ್ಲಿ ಡಾಂಟೆ ಸ್ಕಾರ್ನೆಕಿಯಾ ಎಂಬವರ ಹೆಸರು ಅಗ್ರಗಣ್ಯ. 1948ರಲ್ಲಿ ಜನಿಸಿದ ಇವರು 1982ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎಂಬ ತಂಡವನ್ನು ಸೇರಿದರು. ನಡುವೆ ಎರಡು ವರ್ಷ ಬೇರೆ ತಂಡದಲ್ಲಿದ್ದು 1991ರಲ್ಲಿ ಹಿಂದಿರುಗಿದರು. ಬಿಲ್ ಬೆಲಿಚಿಕ್ ಅವರು ಮುಖ್ಯ ತರಬೇತುದಾರರಾಗಿ ಬಂದ 2000ದಿಂದ 2013ರ ವರೆಗೆ ಮೇಲೆ ಹೇಳಿದ ಐವರ ಗೋಡೆಯ ಹೊಣೆ ಇವರದು. ಬಳಿಕ ನಿವೃತ್ತರಾದರು, 2016ರಲ್ಲಿ ಮತ್ತೆ ಬಂದು 2019ರ ಋತು ಮುಗಿದ ಮೇಲೆ ಕೊನೆಯದಾಗಿ ಬಿಟ್ಟರು. ಇವರಿದ್ದಾಗ ತಂಡ ಆ ದೇಶದ ಸರ್ವೋಚ್ಚ ಪ್ರಶಸ್ತಿಯಾದ ಸೂಪರ್ ಬೌಲನ್ನು 5 ಸಲ ಗೆದ್ದಿತು. ಇವರನ್ನು ಹೊಗಳುವವರು ಸಾಮಾನ್ಯವಾಗಿ ಈ ಐದನ್ನೇ ಮೊದಲು ಎಣಿಸುತ್ತಾರೆ. ನಾವು ಎಣಿಸುವುದಿಲ್ಲ. ಏಕೆಂದರೆ ಅದೇ ತಂಡ 2014ರ ಋತುವಿನಲ್ಲಿ, ಇವರು ಮನೆಯಲ್ಲಿದ್ದಾಗಲೂ, ಅದೇ ಪ್ರಶಸ್ತಿಯನ್ನು ಗೆದ್ದಿತು. ಕಿರೀಟಗಳಿಂದ ಅಳೆಯುವುದಾದರೆ ಇವರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದಾಗುತ್ತದೆ. ಟಾಮ್ ಬ್ರೇಡಿಯಂಥ ಕ್ವಾರ್ಟರ್‌ಬ್ಯಾಕ್ ಇರುವ ತಂಡದಲ್ಲಿ ಅಡಿಗೆಯವನೂ ಕಿರೀಟದ ಪಾಲು ಕೇಳಬಹುದು. ಬೆಲೆಯನ್ನು ಬೇರೆಡೆ ಹುಡುಕಬೇಕು.

ಮೊದಲನೆಯ ಪ್ರಶ್ನೆ: ಶಿಷ್ಯನು ಹೊರಟದ್ದು ಎಲ್ಲಿಂದ? ಅಮೆರಿಕದಲ್ಲಿ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಪ್ರತಿವರ್ಷ 7 ಸುತ್ತುಗಳಲ್ಲಿ ಹಂಚಿಕೊಳ್ಳುತ್ತವೆ; ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಮೊದಲ ಸುತ್ತಿನವನು ಚೊಕ್ಕ ಚಿನ್ನವೆಂದು ಭಾವನೆ. ಐದನೆಯ ಸುತ್ತಿನವನು ಸಂದೇಹದ ಸರಕು. ಯಾವ ಸುತ್ತಿನಲ್ಲಿಯೂ ಯಾರೂ ಕರೆಯದವನು ಬೀದಿಯಲ್ಲಿ ಬಿದ್ದವನು. ಎಂದರೆ ಹೊರಟ ಸ್ಥಳ ಲಿಖಿತವಾಗಿಯೇ ದಾಖಲೆಯಾಗಿರುತ್ತದೆ. 2005ರಲ್ಲಿ ಮೊದಲ ಸುತ್ತಿನಲ್ಲಿ ಬಂದ ಲೋಗನ್ ಮ್ಯಾನ್ಕಿನ್ಸ್ ಶ್ರೇಷ್ಠನಾದುದರಲ್ಲಿ ಗುರುವಿನ ಪಾಲು ಎಷ್ಟೆಂದು ಹೇಳುವುದು ಕಷ್ಟ. ಆದರೆ 2003ರಲ್ಲಿ ಐದನೆಯ ಸುತ್ತಿನಲ್ಲಿ, 164ನೆಯವನಾಗಿ ಬಂದ ಡ್ಯಾನ್ ಕಾಪನ್ ಅದೇ ವರ್ಷ ಸೆಂಟರ್ ಸ್ಥಾನದಲ್ಲಿ ನಿಂತು, ಮುಂದೆ ಹಲವು ವರ್ಷ ಅದನ್ನು ಬಿಡದೆ, 2007ರಲ್ಲಿ ದೇಶದ ಆಯ್ದ ಆಟಗಾರರ ಸಾಲಿಗೆ ಸೇರಿದನೆಂದರೆ, 163 ಮಂದಿಯ ಹಿಂದಿನಿಂದ ಅಲ್ಲಿಗೆ ನಡೆದುಬಂದ ದಾರಿಯಲ್ಲಿ ಯಾರೋ ಕೈಹಿಡಿದಿರಲೇಬೇಕು.

ಇದಕ್ಕಿಂತಲೂ ಸ್ಪಷ್ಟವಾದದ್ದು ಸ್ಟೀಫನ್ ನೀಲ್ ಎಂಬಾತನ ಕಥೆ. ಗರಡಿಯ ನಾಡಿನವರಾದ ನಮ್ಮ ವಾಚಕರಿಗೆ ಇದು ವಿಶೇಷವಾಗಿ ರುಚಿಸಬಹುದು. ನೀಲ್ ಕುಸ್ತಿಯ ಪೈಲ್ವಾನ. 1998 ಮತ್ತು 1999ರಲ್ಲಿ ಅಮೆರಿಕದ ಕಾಲೇಜುಗಳ ಭಾರಿತೂಕದ ಪಟ್ಟ ಆತನದು. 1999ರಲ್ಲಿಯೇ ಆತ ಲೋಕದ ಫ್ರೀಸ್ಟೈಲ್ ಚಾಂಪಿಯನ್ ಕೂಡ ಆದ. ಆದರೆ ಕಾಲೇಜಿನಲ್ಲಿ ಒಂದು ದಿನವೂ ಫುಟ್‌ಬಾಲ್ ಆಡಿದವನಲ್ಲ. 2001ರಲ್ಲಿ ಪೇಟ್ರಿಯಟ್ಸ್ ತಂಡ ಆತನನ್ನು ತೆಗೆದುಕೊಂಡು, ಬಿಟ್ಟು, ವರ್ಷದ ಕೊನೆಗೆ ಮತ್ತೆ ಕರೆಸಿಕೊಂಡಿತು. ಮೈಯಲ್ಲಿ ಬಲವಿತ್ತು, ಸೊಂಟ ತಗ್ಗಿಸಿ ನಿಲ್ಲುವ ಸಾಧನೆಯಿತ್ತು, ಪಟ್ಟು ಬಲ್ಲ ಕೈಯಿತ್ತು. ಆಟದ ಭಾಷೆಯೊಂದೇ ತಿಳಿಯದು. ಒಬ್ಬನೊಡನೆ ಸೆಣಸುವ ಜಟ್ಟಿಗೆ ಪಕ್ಕದವನ ಹೆಜ್ಜೆಯನ್ನು ನೋಡಿ ತನ್ನ ಹೆಜ್ಜೆಯನ್ನು ಇಡುವುದು, ಎದುರಿನವನು ಸ್ಥಳ ಬದಲಿಸಿದೊಡನೆ ತನ್ನ ಹೊಣೆಯೂ ಬದಲಾಯಿತೆಂದು ಕ್ಷಣದೊಳಗೆ ಅರಿಯುವುದು ಹೊಸ ವಿದ್ಯೆ. ಅದನ್ನು ಅಕ್ಷರಾಭ್ಯಾಸದಿಂದ ಕಲಿಸಬೇಕಾಯಿತು. ಕಲಿಯುವಾಗ ಗಾಯಗಳೂ ಅಡ್ಡಬಂದವು. 2004ರ ವೇಳೆಗೆ ಆತನು ತಂಡದ ಬಲಗಾರ್ಡ್ ಆಗಿ ಸ್ಥಿರಗೊಂಡು ಆ ವರ್ಷದ ಸೂಪರ್ ಬೌಲ್ ಗೆದ್ದ ಗೋಡೆಯಲ್ಲಿ ನಿಂತ. 2010ರ ಋತುವಿನ ತನಕ ಆಡಿ ಗೌರವದಿಂದ ವಿರಮಿಸಿದ. ಮೂರು ವರ್ಷಗಳಲ್ಲಿ ಕುಸ್ತಿಯವನೊಬ್ಬ ಅತ್ಯಂತ ಸೂಕ್ಷ್ಮವಾದ ಒಂದು ಸಾಮೂಹಿಕ ವಿದ್ಯೆಯಲ್ಲಿ ಪಾರಂಗತನಾದ. ಶಿಷ್ಯನ ಶ್ರದ್ಧೆಯನ್ನು ನಾವು ಕಡಿಮೆಯೆನ್ನುವುದಿಲ್ಲ. ಆದರೆ ಉಸ್ತಾದ್ ಇಲ್ಲದೆ ಆ ಪಟ್ಟು ಬರುವಂಥದಲ್ಲ.

ಎರಡನೆಯ ಪ್ರಶ್ನೆ: ಅದೇ ಶಿಷ್ಯ ಈ ಗುರುವಿಲ್ಲದಾಗ ಹೇಗಿದ್ದ, ಇದ್ದಾಗ ಹೇಗಾದ? ಲೋಕವ್ಯವಹಾರದಲ್ಲಿ ಇಂಥ ಪರೀಕ್ಷೆ ಸಿಕ್ಕುವುದು ಅಪೂರ್ವ. ಸ್ಕಾರ್ನೆಕಿಯಾ ಅವರು ಎರಡು ವರ್ಷ ಬಿಟ್ಟುಹೋಗಿ ಮರಳಿ ಬಂದುದರಿಂದ ಅದು ತಾನಾಗಿ ಒದಗಿತು. 2015ರ ಋತುವಿನ ಕೊನೆಯಲ್ಲಿ, 2016ರ ಜನವರಿಯಲ್ಲಿ, ಡೆನ್ವರ್ ನಗರದಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಬ್ರೇಡಿಯ ಮೇಲೆ ಎದುರಾಳಿಗಳು 20 ಸಲ ಎರಗಿದರು. ತಂಡ 20-18ರಿಂದ ಸೋತಿತು. ಆ ದಿನ ಬಲ ಅಂಚಿನಲ್ಲಿ ನಿಂತಿದ್ದ ಮಾರ್ಕಸ್ ಕ್ಯಾನನ್ ಎಂಬಾತನ ಮೇಲೆ ಬೈಗುಳದ ಮಳೆ ಸುರಿಯಿತು. ಗೋಡೆಯ ತರಬೇತುದಾರನನ್ನು ತೆಗೆದುಹಾಕಿ ಸ್ಕಾರ್ನೆಕಿಯಾ ಅವರನ್ನು ಮರಳಿ ಕರೆಸಲಾಯಿತು. ಮರುವರ್ಷ ಅದೇ ಕ್ಯಾನನ್ ದೇಶದ ಶ್ರೇಷ್ಠರ ಎರಡನೆಯ ಪಂಕ್ತಿಯಲ್ಲಿ ಹೆಸರು ಪಡೆದ. 2015ರಲ್ಲಿ 16 ಪಂದ್ಯಗಳಲ್ಲಿ 38 ಸಲ ನೆಲಕ್ಕುರುಳಿದ್ದ ಬ್ರೇಡಿ 2016ರಲ್ಲಿ 12 ಪಂದ್ಯಗಳಲ್ಲಿ 15 ಸಲ ಮಾತ್ರ ಬಿದ್ದ. ತಂಡ ಸೂಪರ್ ಬೌಲ್ ಗೆದ್ದಿತು.

ಇಲ್ಲಿಗೇ ನಿಲ್ಲಿಸಿ ಜಯಘೋಷ ಮಾಡಿದರೆ ಅದು ನ್ಯಾಯವಾಗದು. 2015ರಲ್ಲಿ ಎಡ ಅಂಚಿನ ನೇಟ್ ಸೋಲ್ಡರ್ ಗಾಯಗೊಂಡು ಬಹುಪಾಲು ಪಂದ್ಯಗಳಿಗೆ ಇರಲೇ ಇಲ್ಲ. 2016ರಲ್ಲಿ ಆತ ಮರಳಿದ್ದ. ಹಿಂದಿನ ವರ್ಷ ಹೊಸಬರಾಗಿದ್ದವರು ಒಂದು ವರ್ಷ ಬಲಿತಿದ್ದರು. ಗೋಡೆಯಿಲ್ಲದ 2014ರಲ್ಲಿಯೂ ಅಲ್ಲ, ಗುರುವಿಲ್ಲದ 2014ರಲ್ಲಿಯೂ ಬ್ರೇಡಿ ಬಿದ್ದದ್ದು 21 ಸಲ ಮಾತ್ರ. ಚೆಂಡನ್ನು ಬೇಗ ಬಿಡುವ ಕ್ವಾರ್ಟರ್‌ಬ್ಯಾಕ್ ತನ್ನ ಗೋಡೆಯ ತಪ್ಪನ್ನು ತಾನೇ ಮುಚ್ಚುತ್ತಾನೆ. ಇಷ್ಟನ್ನೂ ಕಳೆದ ಮೇಲೆ ಏನುಳಿಯುತ್ತದೆ? ಕ್ಯಾನನ್ ಉಳಿಯುತ್ತಾನೆ. ಐದು ವರ್ಷ ತಂಡದಲ್ಲಿದ್ದು ಆಗದಿದ್ದುದು ಆರನೆಯ ವರ್ಷ ಆಯಿತು. ಗುರುವನ್ನು ತೆಗೆದುಹಾಕಿದವರಿಗೂ ಕರೆಸಿದವರಿಗೂ ಇದೊಂದು ಪಾಠ: ತಂಡದ ಒಟ್ಟು ಲೆಕ್ಕಕ್ಕಿಂತ ಒಬ್ಬೊಬ್ಬ ಶಿಷ್ಯನ ಲೆಕ್ಕ ಹೆಚ್ಚು ಸತ್ಯವನ್ನು ಹೇಳುತ್ತದೆ.

ಮೂರನೆಯ ಪ್ರಶ್ನೆ: ಗುರುವನ್ನು ಬಿಟ್ಟುಹೋದ ಮೇಲೆ ವಿದ್ಯೆ ಉಳಿಯಿತೇ? ಇಲ್ಲಿ ಸಾಕ್ಷ್ಯ ಎರಡು ಕಡೆಗೂ ಇದೆ. ಬೇರೆ ತಂಡದಲ್ಲಿ ಏಳನೆಯ ಸುತ್ತಿನವನಾಗಿ ಬಲ ಅಂಚಿನಲ್ಲಿ ಆಡುತ್ತಿದ್ದ ಟ್ರೆಂಟ್ ಬ್ರೌನ್ 2018ರಲ್ಲಿ ಇವರ ಕೈಗೆ ಬಂದು, ಹೆಚ್ಚು ಕಠಿಣವಾದ ಎಡ ಅಂಚನ್ನು ಕಾದ. ಆ ಋತುವಿನ ಕೊನೆಯ ಮೂರು ಮಹಾಪಂದ್ಯಗಳಲ್ಲಿ ಬ್ರೇಡಿ ಬಿದ್ದದ್ದು ಒಂದೇ ಸಲ. ಮರುವರ್ಷ ಓಕ್ಲೆಂಡಿನ ತಂಡ ಬ್ರೌನನಿಗೆ ನಾಲ್ಕು ವರ್ಷಕ್ಕೆ 6 ಕೋಟಿ 60 ಲಕ್ಷ ಡಾಲರ್ ಒಪ್ಪಿ ಕರೆದೊಯ್ದಿತು. ಆದರೆ ಅಲ್ಲಿ ಬೇರೂರದೆ ಆತ 2021ರಲ್ಲಿ ಹಳೆಯ ತಂಡಕ್ಕೇ ಬಂದ. ಸೋಲ್ಡರನಿಗೂ ನ್ಯೂಯಾರ್ಕ್ 2018ರಲ್ಲಿ 6 ಕೋಟಿ 20 ಲಕ್ಷ ಡಾಲರ್ ಕೊಡಲೊಪ್ಪಿತು; ಆಟ ಆ ಬೆಲೆಗೆ ಏರಲಿಲ್ಲವೆಂಬುದೇ ಸಾಮಾನ್ಯ ಅಭಿಪ್ರಾಯ. ಗುರುವಿನ ನೆರಳಿನಲ್ಲಿ ಮಾತ್ರ ಬೆಳಗಿದವರು ಇವರೆನ್ನಬಹುದೇ? ಅನ್ನಬಹುದು. ಅದು ಗುರುವಿಗೆ ಹೊಗಳಿಕೆಯೂ ಹೌದು, ಕೊರತೆಯೂ ಹೌದು. ಆದರೆ 2016ರಲ್ಲಿ ಮೂರನೆಯ ಸುತ್ತಿನಲ್ಲಿ ಬಂದು ಮೊದಲ ಪಂದ್ಯದಿಂದಲೇ ನಿಂತ ಜೋ ಥೂನಿಯನ್ನು ನೋಡಿರಿ. 2021ರಲ್ಲಿ ಕಾನ್ಸಾಸ್ ಸಿಟಿಗೆ ಹೋಗಿ, ಬೇರೆ ಗುರುಗಳ ಕೈಕೆಳಗೆ, 2023 ಮತ್ತು 2024ರಲ್ಲಿ ದೇಶದ ಶ್ರೇಷ್ಠರ ಮೊದಲ ಪಂಕ್ತಿಗೆ ಏರಿದ. ಕಲಿತದ್ದು ಮೈಗೂಡಿತ್ತು. ಗುರುವಿನ ಕಣ್ಣಿನಳತೆಯಿಂದ ದೂರವಾದರೂ ಬೆಳೆಯುವ ಶಿಷ್ಯನೇ ಗುರುವಿನ ಪರಮ ಪ್ರಶಸ್ತಿ.

ನಾಲ್ಕನೆಯ ಪ್ರಶ್ನೆಯನ್ನು ಕೇಳುವವರೇ ಇಲ್ಲ: ಆಗದೆ ಹೋದವರೆಷ್ಟು ಮಂದಿ? ಯಾವ ಗುರುವಿನ ಖಾತೆಯಲ್ಲಿಯೂ ನಷ್ಟದ ಪುಟವುಂಟು. 2000ದಲ್ಲಿ ಎರಡನೆಯ ಸುತ್ತಿನಲ್ಲಿ ಆರಿಸಿ ತಂದ ಏಡ್ರಿಯನ್ ಕ್ಲೆಮ್ ಗಾಯಗಳ ದೆಸೆಯಿಂದ ಸ್ಥಿರವಾಗಿ ನೆಲೆಗೊಳ್ಳಲಾರದೆ ಹೋದ. ಇದನ್ನು ಮರೆಮಾಡಿ ನೀಲನ ಕಥೆಯನ್ನಷ್ಟೇ ಹೇಳಿದರೆ ಅದು ಲೆಕ್ಕವಲ್ಲ, ಜಾಹೀರಾತು. ಆದರೂ ಅದೇ ಕ್ಲೆಮ್ ಮುಂದೆ ತರಬೇತುದಾರನಾಗಿ, 2023ರಲ್ಲಿ ಅದೇ ತಂಡದ ಅದೇ ಗೋಡೆಯ ಹೊಣೆಗೆ ಬಂದುದನ್ನು ನೋಡಿದರೆ, ನಷ್ಟದ ಪುಟದಲ್ಲಿ ಬರೆದ ಹೆಸರೂ ಕೊನೆಗೆ ಎಲ್ಲಿ ಜಮೆಯಾದೀತೆಂದು ಹೇಳಬರುವುದಿಲ್ಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಕ್ರೀಡಾಗುರುಗಳಿಗಾಗಿ ಭಾರತ ಸರ್ಕಾರವು 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. ಮೊದಲ ವರ್ಷ ಅದನ್ನು ಪಡೆದವರಲ್ಲಿ ಪಿ. ಟಿ. ಉಷಾ ಅವರ ಗುರು ಓ. ಎಂ. ನಂಬಿಯಾರ್ ಒಬ್ಬರು. ಅದಕ್ಕೆ ಹಿಂದಿನ ವರ್ಷ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾ ಅವರಿಗೆ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚಿನ ಪದಕ ತಪ್ಪಿತ್ತು. ಆ ಕೂದಲೆಳೆಯಷ್ಟು ಅಂತರದಿಂದ ಗುರುವಿನ ಬೋಧನೆಯ ಬೆಲೆ ತಗ್ಗಿತೇ? ಕೇರಳದ ಕ್ರೀಡಾಶಾಲೆಯೊಂದರ ಹುಡುಗಿ ಲೋಕದ ನಾಲ್ಕನೆಯವಳಾದ ದೂರವನ್ನು ಅಂದಿನ ಆಯ್ಕೆದಾರರು ಸರಿಯಾಗಿ ಅಳೆದರು. ದ್ರೋಣರ ಹೆಸರಿನ ಪ್ರಶಸ್ತಿಗೆ ಇದೇ ತಕ್ಕ ಅಳತೆ. ರಾಜಕುಮಾರ ಅರ್ಜುನನಿಂದ ಮಾತ್ರ ಅಳೆದರೆ ದ್ರೋಣರ ಕಥೆ ಅರ್ಧವೇ. ಏಕಲವ್ಯನ ಹೆಬ್ಬೆರಳೂ ಅವರ ಲೆಕ್ಕದಲ್ಲಿ ಸೇರಬೇಕು.

ಆದರೆ ನಮ್ಮ ನಿತ್ಯದ ರೂಢಿ ಬೇರೆ. ಪದಕ ಬಂದ ದಿನ ಕೊನೆಯ ಶಿಬಿರದ ತರಬೇತುದಾರನ ಚಿತ್ರ ಅಚ್ಚಾಗುತ್ತದೆ. ತಾಲ್ಲೂಕು ಶಾಲೆಯ ಮಣ್ಣಿನ ಬಯಲಿನಲ್ಲಿ ಆ ಮಗುವಿನ ಓಟವನ್ನು ಮೊದಲು ಕಂಡು, ಬೆಳಗಿನ ಜಾವಕ್ಕೆ ಎಬ್ಬಿಸಿ ಓಡಿಸಿದ ವ್ಯಾಯಾಮ ಶಿಕ್ಷಕನ ಹೆಸರನ್ನು ಕೇಳುವವರಿಲ್ಲ. ಪರೀಕ್ಷೆಗಳ ಫಲಿತಾಂಶ ಬಂದಾಗಲೂ ಇದೇ ಅನ್ಯಾಯ. ತೊಂಬತ್ತೈದು ಅಂಕದವರನ್ನು ಸೋಸಿ ಸೇರಿಸಿಕೊಂಡು ತೊಂಬತ್ತೇಳಕ್ಕೆ ಮುಟ್ಟಿಸಿದ ಸಂಸ್ಥೆ ಪತ್ರಿಕೆಯ ಪುಟ ತುಂಬ ಭಾವಚಿತ್ರ ಹಾಕಿಸುತ್ತದೆ. ಮೂವತ್ತರವನನ್ನು ಅರವತ್ತಕ್ಕೆ ಏರಿಸಿದ ಹಳ್ಳಿಯ ಉಪಾಧ್ಯಾಯನಿಗೆ ಶೇಕಡಾವಾರು ಕಡಿಮೆಯೆಂದು ಕಾರಣ ಕೇಳಿ ನೋಟೀಸು ಹೋಗುತ್ತದೆ. ಇದರ ಪರಿಣಾಮ ಇಬ್ಬರು ಮೂವರ ಮನನೋವಿನಲ್ಲಿ ಮುಗಿಯುವುದಿಲ್ಲ. ಸಿದ್ಧಪ್ರತಿಭೆಯನ್ನು ಕೂಡಿಹಾಕುವುದಕ್ಕೇ ಬಹುಮಾನವೆಂದಾದರೆ ಕಲಿಸುವ ಶ್ರಮವನ್ನು ಯಾರೂ ಪಡುವುದಿಲ್ಲ. ಹಿಂದುಳಿದ ಮಗುವನ್ನು ಪ್ರತಿಯೊಬ್ಬನೂ ಪಕ್ಕದ ಬಾಗಿಲಿಗೆ ತಳ್ಳುತ್ತಾನೆ. ಒಂದು ಜನಾಂಗದ ಶಕ್ತಿ ಅದರ ಮೊದಲ ಸುತ್ತಿನವರಲ್ಲಿಲ್ಲ. ಯಾವ ಸುತ್ತಿನಲ್ಲಿಯೂ ಕರೆಬಾರದ ಅಸಂಖ್ಯರಲ್ಲಿ ಇದೆ.

ಆದಕಾರಣ ಅಧಿಕಾರದಲ್ಲಿರುವವರಿಗೆ ನಮ್ಮ ಸೂಚನೆ ಸರಳವಾದದ್ದು. ಪ್ರತಿ ಮಗುವೂ ಶಿಕ್ಷಕನ ಕೈಗೆ ಬಂದ ದಿನ ಎಲ್ಲಿದ್ದಿತೆಂಬುದನ್ನು ಬರೆದಿಡಿರಿ. ಬಿಟ್ಟುಹೋದ ದಿನ ಎಲ್ಲಿಗೆ ಮುಟ್ಟಿತೆಂಬುದನ್ನು ಬರೆಯಿರಿ. ಮೂರು ವರ್ಷದ ತರುವಾಯ ವಿದ್ಯೆ ಉಳಿಯಿತೇ ಎಂದು ವಿಚಾರಿಸಿರಿ. ಕೈಬಿಟ್ಟುಹೋದವರನ್ನೂ ಅದೇ ಪುಸ್ತಕದಲ್ಲಿ ಎಣಿಸಿರಿ. ಪದಕಕ್ಕೆ ಬಹುಮಾನ ಕೊಡುವಾಗ ಕೊನೆಯ ಗುರುವಿನೊಡನೆ ಮೊದಲ ಗುರುವನ್ನೂ ವೇದಿಕೆಗೆ ಕರೆಯಿರಿ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ; ಒಂದು ದಾಖಲೆ ಪುಸ್ತಕವೂ, ಅದನ್ನು ತೆರೆದು ಓದುವ ಪ್ರಾಮಾಣಿಕತೆಯೂ ಇದ್ದರೆ ಸಾಕು. ಪೇಟ್ರಿಯಟ್ಸ್ ಎಂದರೆ ದೇಶಭಕ್ತರು ಎಂದರ್ಥ. ಆ ಹೆಸರಿನ ತಂಡ ಹೆಸರಿಲ್ಲದ ಐವರ ಗೋಡೆಯ ಮೇಲೆ ನಿಂತಿತು. ನಮ್ಮ ದೇಶವೂ ಹೆಸರಿಲ್ಲದ ಗುರುಗಳ ಮೇಲೆ ನಿಂತಿದೆ. ಅವರ ಬೆಲೆಯನ್ನು ಸರಿಯಾದ ತಕ್ಕಡಿಯಲ್ಲಿ ತೂಗುವ ಋಣವಾದರೂ ನಮ್ಮಿಂದ ಸಲ್ಲಲಿ.