ಹೊಳೆಬದಿಗೆ, ಕಾಡಂಚಿಗೆ ಯಾವ ಕ್ಯಾಮರಾ?

ಒಂದು ಮಳೆಗಾಲ ಮುಗಿದ ಮೇಲೆ ಕಪಾಟಿನಿಂದ ಕ್ಯಾಮರಾ ತೆಗೆದೆ. ಲೆನ್ಸಿನ ಒಳಗೆ ಜೇಡನ ಬಲೆಯಂತಹ ಬಿಳಿ ಎಳೆಗಳು. ಬೂಷ್ಟು! ಆ ವರ್ಷದ ಕರಿಮೆಣಸು ಮಾರಿದ ಹಣದಲ್ಲಿ ಆಸೆಪಟ್ಟು ಕೊಂಡ ಉದ್ದದ ಜೂಮ್ ಲೆನ್ಸ್ ಅದು. ರಿಪೇರಿಯವರು ಕೇಳಿದ ಹಣಕ್ಕೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಲೆನ್ಸೇ ಬರುತ್ತಿತ್ತು. ಅಷ್ಟು ಕಳಕೊಂಡ ಮೇಲೆ ಒಂದು ವಿಷಯ ಗೊತ್ತಾಯಿತು: ನಮ್ಮಂಥವರು ಕ್ಯಾಮರಾ ಆರಿಸಬೇಕಾದ್ದು ಅಂಗಡಿಯವರು ಹೇಳುವ ಮೆಗಾಪಿಕ್ಸೆಲ್ ನೋಡಿ ಅಲ್ಲ. ನೀರು, ಬೆಳಕು, ದೂರ, ಈ ಮೂರನ್ನು ನೋಡಿ.

ಕೋವಿಯ ಜಾಗಕ್ಕೆ ಕ್ಯಾಮರಾ

ಹಿಂದೆ ನಮ್ಮ ಹಿರಿಯರು ಶಿಕಾರಿಗೆ ಹೋಗುತ್ತಿದ್ದರು, ಮಳೆ ಹಿಡಿದಾಗ ಹೊಳೆಗೆ ಬಲೆ ಬೀಸುತ್ತಿದ್ದರು. ಮೀನಿನ ಖುಷಿ ಈಗಲೂ ಉಂಟು. ಶಿಕಾರಿಯ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡುಪ್ರಾಣಿ ಬೇಟೆ ಅಪರಾಧ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ, ಪ್ರಾಣಿಗಲ್ಲ. ಸತ್ತ ಪ್ರಾಣಿಯ ಜತೆ ನಿಂತು ಫೋಟೋ ತೆಗೆಸಿಕೊಂಡರೆ ಅದು ನಮ್ಮ ಮೇಲೆ ನಾವೇ ಒದಗಿಸಿದ ಸಾಕ್ಷಿಯಾಗುತ್ತದೆ. ಆದರೆ ಹೆಜ್ಜೆ ಹುಡುಕುವ, ಕಾದು ಕೂರುವ ಹುಚ್ಚು ಎಲ್ಲಿಗೆ ಹೋಗುತ್ತದೆ? ಅದಕ್ಕೆ ಕ್ಯಾಮರಾ ಒಳ್ಳೆಯ ದಾರಿ. ಮೂಡಿಗೆರೆಯ ಕಾಫಿ ಬೆಳೆಗಾರ, ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938-2007) ಗಾಳವನ್ನೂ ಕ್ಯಾಮರಾವನ್ನೂ ಒಟ್ಟಿಗೇ ಹಿಡಿದವರು.

ನೀರು

ಮೀನಿಗೆ ಹೋಗುವಾಗ ದೊಡ್ಡ ಕ್ಯಾಮರಾ ಬೇಡವೇ ಬೇಡ. ಒಂದು ಕೈಯಲ್ಲಿ ಬಲೆ, ಕಾಲಡಿಯಲ್ಲಿ ಪಾಚಿಗಟ್ಟಿದ ಕಲ್ಲು, ಮೇಲಿಂದ ಮಳೆ. ಇಲ್ಲಿ ಕಿಸೆಯ ಮೊಬೈಲೇ ಸಾಕು, ಆದರೆ ನೀರು ತಡೆಯುವಂಥದ್ದು ಇರಲಿ. ಪೆಟ್ಟಿಗೆಯ ಮೇಲೆ ಐಪಿ 67 ಅಂತ ಇದ್ದರೆ 1 ಮೀಟರ್ ಸಿಹಿನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ 68 ಇನ್ನೂ ಹೆಚ್ಚಿನದು, ಎಷ್ಟು ಆಳ ಎಂದು ತಯಾರಕರೇ ಹೇಳಿರುತ್ತಾರೆ. ಇದು ಹೊಸ ಫೋನಿನ ಲೆಕ್ಕ. ಒಮ್ಮೆ ಬಿದ್ದು ಬಿರುಕು ಬಿಟ್ಟ ಫೋನಿಗೆ ಈ ಲೆಕ್ಕ ಅನ್ವಯಿಸದು. ಅಳಿವೆಯ ಉಪ್ಪುನೀರು ತಾಗಿದರೆ ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು.

ನೀರಿನೊಳಗೇ ಫೋಟೋ ತೆಗೆಯುವ ಆಸೆ ಇದ್ದವರಿಗೆ ಒಲಿಂಪಸ್ ಟಫ್ ಟಿಜಿ-6 ತರದ ಪುಟ್ಟ ಕ್ಯಾಮರಾಗಳಿವೆ. 2019ರಲ್ಲಿ ಬಂದ ಇದು 15 ಮೀಟರ್ ಆಳ ತಡೆಯುತ್ತದೆ. ನಮ್ಮ ತೋಡಿಗೆ ಧಾರಾಳವಾಯಿತು.

ಮೇಲಿನಿಂದ ತೆಗೆದರೆ ಮೀನಿನ ಬದಲು ಆಕಾಶವೇ ಬರುತ್ತದೆ ಅಂತ ಹಲವರ ದೂರು. ಅದು ನೀರಿನ ಮೇಲಿನ ಪ್ರತಿಫಲನ. ಪೋಲರೈಸರ್ ಎಂಬ ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಿ ನಿಧಾನ ತಿರುಗಿಸಿದರೆ ಹೊಳಪು ಮಾಯವಾಗಿ ತಳದ ಕಲ್ಲು ಕಾಣುತ್ತದೆ. ಮೊಬೈಲಿನವರು ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನೇ ಅಡ್ಡ ಹಿಡಿಯಬಹುದು. ತೀರಾ ನೇರ ಕೆಳಗೆ ನೋಡುತ್ತ ತೆಗೆದರೆ ಇದು ಕೆಲಸ ಮಾಡದು, ಸ್ವಲ್ಪ ಓರೆಯಾಗಿ ನೋಡಬೇಕು. ಅಭ್ಯಾಸಕ್ಕೆ ಶೃಂಗೇರಿ ಅಥವಾ ಶಿಶಿಲಕ್ಕೆ ಹೋಗಿ. ಅಲ್ಲಿನ ದೇವರ ಮೀನುಗಳು ಕಾಲಬುಡಕ್ಕೇ ಬರುತ್ತವೆ. ಹಿಡಿಯುವಂತಿಲ್ಲ, ಫೋಟೋಕ್ಕೆ ಅಡ್ಡಿಯಿಲ್ಲ.

ಹಿಡಿದ ಮೀನನ್ನು ಬಿಟ್ಟುಬಿಡುವುದಾದರೆ ಕೈ ಒದ್ದೆ ಮಾಡಿಯೇ ಮುಟ್ಟಿ. ಬಿಸಿ ಕಲ್ಲಿನ ಮೇಲೆ ಇಡಬೇಡಿ. ಕ್ಯಾಮರಾ ಮೊದಲೇ ಸಿದ್ಧವಿರಲಿ, ಮೀನು ನೀರಿನಿಂದ ಹೊರಗಿರುವುದು ಒಂದು ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ.

ಬೆಳಕು

ಪ್ರಾಣಿ ಕಾಣುವುದು ಬೆಳಗ್ಗೆ ಬೇಗ, ಇಲ್ಲವೇ ಸಂಜೆ. ಅಡಿಕೆ ತೋಟದೊಳಗೆ ಸಂಜೆ 6 ಗಂಟೆಗೆ ಎಷ್ಟು ಕತ್ತಲು ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ಲೆನ್ಸಿನ ಮೇಲಿನ ಎಫ್ ಸಂಖ್ಯೆ ನೋಡಿ. ಅದು ಸಣ್ಣದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಎಫ್ 2.8ರಲ್ಲಿ ಒಳಬರುವ ಬೆಳಕು ಎಫ್ 5.6ರದ್ದಕ್ಕಿಂತ 4 ಪಟ್ಟು. ಅಗ್ಗದ ಜೂಮ್ ಲೆನ್ಸ್‌ಗಳಲ್ಲಿ ಉದ್ದಕ್ಕೆ ಎಳೆದಷ್ಟೂ ಬಾಯಿ ಕಿರಿದಾಗುತ್ತದೆ. ನಾನು ಮೋಸಹೋದದ್ದು ಇಲ್ಲೇ. ಅಂಗಡಿಯ ಬೆಳಕಿನಲ್ಲಿ ಚಂದ ಬಂದದ್ದು ತೋಟದಲ್ಲಿ ಮಸುಕು.

ಫ್ಲಾಶ್ ಇದೆಯಲ್ಲ ಎನ್ನಬೇಡಿ. ಕ್ಯಾಮರಾದೊಳಗಿನ ಫ್ಲಾಶ್ ಕೆಲವೇ ಮೀಟರಿಗೆ ನಿಲ್ಲುತ್ತದೆ. ಮಳೆಯಲ್ಲಿ ಹಾಕಿದರೆ ಹನಿಗಳೆಲ್ಲ ಬಿಳಿ ಉಂಡೆಗಳಾಗಿ ಬರುತ್ತವೆ. ಆನೆ, ಕಾಟಿಯ ಮುಖಕ್ಕಂತೂ ಹಾಕಲೇಬಾರದು. ಫೋಟೋ ಬಂದರೂ ತೆಗೆದವರು ಬರಬೇಕಲ್ಲ!

ದೂರ

ಮೊಬೈಲಿನಲ್ಲಿ ಬೆರಳಿಂದ ಎಳೆದು ಹತ್ತಿರ ಮಾಡುವುದು ಬಹುಮಟ್ಟಿಗೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದ ಹಾಗೆ. ಹೊಸದಾಗಿ ಏನೂ ಕಾಣಿಸದು. ದೂರದ ಹಕ್ಕಿ, ಮಂಗಗಳಿಗೆ ಲೆನ್ಸೇ ಜೂಮ್ ಆಗುವ ಕ್ಯಾಮರಾ ಬೇಕು. ಲೆನ್ಸ್ ಬದಲಿಸಲು ಬಾರದ, ಜೂಮ್ ಹೆಚ್ಚಿರುವ ಕ್ಯಾಮರಾಗಳೂ ಸಿಗುತ್ತವೆ. ಹಗಲಿನ ಒಳ್ಳೆ ಬೆಳಕಿಗೆ ಅವು ಸಾಕು, ಹೊರುವ ಭಾರವೂ ಕಡಿಮೆ.

ನಾವು ಮಲಗಿದಾಗ ಕಾಯುವ ಕ್ಯಾಮರಾ

ರಾತ್ರಿ ಹಂದಿ, ಮುಳ್ಳುಹಂದಿಗೆ ಇವು ಯಾವುದೂ ಆಗದು. ಅದಕ್ಕೆ ಟ್ರ್ಯಾಪ್ ಕ್ಯಾಮರಾ. ಈ ಯೋಚನೆ ಹಳೆಯದು. ಬ್ರಿಟಿಷ್ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ದಾರಿಗೆ ತಂತಿ ಕಟ್ಟಿ ಹುಲಿ ತಾನೇ ತನ್ನ ಫೋಟೋ ತೆಗೆದುಕೊಳ್ಳುವಂತೆ ಮಾಡಿದ್ದರು. ಅವರ ಪುಸ್ತಕ ಬಂದದ್ದು 1927ರಲ್ಲಿ. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಇಂಥ ಕ್ಯಾಮರಾಗಳಿಂದ ಹುಲಿಗಳ ಪಟ್ಟೆ ಗುರುತಿಸಿ ಲೆಕ್ಕ ಹಾಕಿದರು. ಆ ವಿಧಾನದ ಬರಹ ಪ್ರಕಟವಾದದ್ದು 1995ರಲ್ಲಿ.

ಈಗಿನವು ತಂತಿಯಿಲ್ಲದವು. ಮೈಬಿಸಿ ಇರುವ ಪ್ರಾಣಿ ಮುಂದೆ ಹಾದರೆ ಸೆನ್ಸರ್ ಗುರುತಿಸಿ ಕ್ಲಿಕ್ಕಿಸುತ್ತದೆ. ಬೆಳಕಿಗೆ ಇನ್‌ಫ್ರಾರೆಡ್ ದೀಪ. 850 ಎಂದು ಬರೆದದ್ದರಲ್ಲಿ ಸಣ್ಣ ಕೆಂಪು ಹೊಳಪು ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಆದರೆ ದೀಪದ ದೂರ ಕಡಿಮೆ.

ನನ್ನ ಮೊದಲ ರಾತ್ರಿಯ ಫಲ: ನೂರಾರು ಫೋಟೋ, ಎಲ್ಲದರಲ್ಲೂ ಅಲ್ಲಾಡುವ ಹುಲ್ಲು! ಈಗ ಮುಂದಿನ ಹುಲ್ಲು, ಎಲೆ ಸವರಿಯೇ ಕಟ್ಟುತ್ತೇನೆ. ಮೊಣಕಾಲೆತ್ತರ, ಪ್ರಾಣಿಯ ದಾರಿಯಿಂದ 3-4 ಮೀಟರ್ ದೂರ, ದಾರಿಗೆ ಸ್ವಲ್ಪ ಓರೆ. ಮುಖ ಉತ್ತರಕ್ಕಿದ್ದರೆ ಬಿಸಿಲು ಹೊಡೆಯದು. ನಿಮ್ಮ ಜಾಗದಲ್ಲಿ ಮಾತ್ರ ಕಟ್ಟಿ. ಅರಣ್ಯದೊಳಗೆ ಕಟ್ಟಲು ಇಲಾಖೆಯ ಅನುಮತಿ ಬೇಕು.

ಇದರಿಂದ ಇನ್ನೊಂದು ಲಾಭ. ಬಾಳೆ ಮುಗಿಸಿದ್ದು ಹಂದಿಯೋ, ಮುಳ್ಳುಹಂದಿಯೋ, ಪಕ್ಕದ ಮನೆಯ ದನವೋ ಎಂಬ ಜಗಳ ಮುಗಿಯುತ್ತದೆ. ಬೇಲಿಯ ಖರ್ಚು ಎಲ್ಲಿ ಹಾಕಬೇಕೆಂದು ಗೊತ್ತಾಗುತ್ತದೆ. ದಿನಾಂಕ, ಗಂಟೆ ಸರಿಯಾಗಿ ಹೊಂದಿಸಿಡಿ. ಬೆಳಗ್ಗೆ ಹಾಳಾದ ಗಿಡಗಳನ್ನು ಮೊಬೈಲಿನಲ್ಲಿ ಸ್ಥಳದ ಗುರುತು ಬರುವಂತೆ ತೆಗೆದಿಟ್ಟುಕೊಂಡರೆ ಪರಿಹಾರದ ಅರ್ಜಿಗೆ ಬಲ.

ಬೂಷ್ಟಿಗೆ ಮದ್ದು

ಚರ್ಮದ ಚೀಲದಲ್ಲಿಟ್ಟು ಕಪಾಟು ಮುಚ್ಚುವುದು ಬೂಷ್ಟಿಗೆ ಆಮಂತ್ರಣ. ನನ್ನ ತಪ್ಪು ಅದೇ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಿಸುವ ಜೆಲ್ ಸಿಗುತ್ತದೆ. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಒದ್ದೆ ಕ್ಯಾಮರಾವನ್ನು ಒರೆಸದೆ ಡಬ್ಬಿಗೆ ಹಾಕಬೇಡಿ. ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಹಾಕಿ ಇನ್ನೊಂದು ಕಡೆಯಿಂದ ನೋಡಿ. ಎಳೆ ಕಂಡರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ.

ಕೊನೆಗೆ ನನ್ನ ಲೆಕ್ಕ ಹೀಗೆ: ಹೊಳೆಗೆ ಇರುವ ಮೊಬೈಲು, ರಾತ್ರಿಗೆ ಒಂದು ಟ್ರ್ಯಾಪ್ ಕ್ಯಾಮರಾ, ಎರಡಕ್ಕೂ ಒಂದು ಡಬ್ಬಿ. ಉದ್ದದ ಲೆನ್ಸ್ ಅದರ ಮೇಲಿನ ಮಾತು. ಒಂದು ವರ್ಷ ಇಷ್ಟರಲ್ಲೇ ತೆಗೆದು ನೋಡಿ. ಆಮೇಲೂ ಆಸೆ ಉಳಿದಿದ್ದರೆ ಕೊಳ್ಳಿ, ಆದರೆ ಮಳೆಗಾಲ ಕಳೆದ ಮೇಲೆ.