ಕ್ಯಾಬಿನ್ ಸಿಬ್ಬಂದಿಯ ಮುಷ್ಕರ ಮತ್ತು ವಿಮಾನ ಪ್ರಯಾಣದ ಮರುಬುಕಿಂಗ್

ಕ್ಯಾಬಿನ್ ಸಿಬ್ಬಂದಿಯ ಮುಷ್ಕರದಿಂದ ವಿಮಾನ ರದ್ದಾದಾಗ, ಅದರ ಪ್ರಯಾಣಿಕರಿಗೆ ಅದೇ ಸಂಸ್ಥೆಯ ಬೇರೊಂದು ವಿಮಾನದಲ್ಲಿ ಅಥವಾ ಮತ್ತೊಂದು ಸಂಸ್ಥೆಯ ವಿಮಾನದಲ್ಲಿ ಆಸನ ಒದಗಿಸುವುದನ್ನು ಮರುಬುಕಿಂಗ್ ಎಂದು ಕರೆಯಲಾಗುತ್ತದೆ. ಪ್ರಯಾಣಿಕರ ಹಕ್ಕುಗಳ ಕುರಿತ ನಿಯಮಗಳಿರುವ ಬಹುಪಾಲು ದೇಶಗಳಲ್ಲಿ, ರದ್ದಾದ ವಿಮಾನದ ಪ್ರಯಾಣಿಕನಿಗೆ ಪರ್ಯಾಯ ವಿಮಾನ ಅಥವಾ ಟಿಕೆಟ್ ಹಣದ ಮರುಪಾವತಿ ದೊರೆಯಬೇಕು. ಇವುಗಳಿಗಿಂತ ಭಿನ್ನವಾದದ್ದು ಪರಿಹಾರಧನ, ಅಂದರೆ ಆದ ತೊಂದರೆಗಾಗಿ ಟಿಕೆಟ್ ಹಣವಲ್ಲದೆ ಪ್ರತ್ಯೇಕವಾಗಿ ಕೊಡುವ ಮೊತ್ತ. ಮುಷ್ಕರಕ್ಕೆ ಯಾರು ಹೊಣೆ ಎಂಬ ವಾದವು ಪರಿಹಾರಧನಕ್ಕೆ ಮಾತ್ರ ಸಂಬಂಧಿಸಿದ್ದು. ಪ್ರಯಾಣಿಕನನ್ನು ಗಮ್ಯಸ್ಥಾನಕ್ಕೆ ತಲುಪಿಸುವ ಇಲ್ಲವೇ ಹಣ ಹಿಂದಿರುಗಿಸುವ ಬಾಧ್ಯತೆಯು ಆ ವಾದದ ತೀರ್ಮಾನವನ್ನು ಅವಲಂಬಿಸಿರುವುದಿಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಅನೇಕರು ತಮಗೆ ಸಲ್ಲಬೇಕಾದುದನ್ನು ಕೇಳದೆ ಹಿಂದಿರುಗುತ್ತಾರೆ.

ಮುಷ್ಕರದಿಂದ ವಿಮಾನ ನಿಲ್ಲುವ ಬಗೆ

ಊಟ, ಪಾನೀಯಗಳನ್ನು ಒದಗಿಸುವುದು ಕ್ಯಾಬಿನ್ ಸಿಬ್ಬಂದಿಯ ಕೆಲಸಗಳಲ್ಲಿ ಕಣ್ಣಿಗೆ ಕಾಣುವ ಭಾಗ ಮಾತ್ರ. ಕಾನೂನಿನ ದೃಷ್ಟಿಯಲ್ಲಿ ಅವರು ಸುರಕ್ಷತಾ ಸಿಬ್ಬಂದಿ. ಬೆಂಕಿ, ಹೊಗೆ ಅಥವಾ ತುರ್ತು ಭೂಸ್ಪರ್ಶದ ಸಂದರ್ಭದಲ್ಲಿ ಪ್ರಯಾಣಿಕರನ್ನು ತುರ್ತು ಬಾಗಿಲುಗಳ ಮೂಲಕ ಹೊರಗೆ ಕಳುಹಿಸುವ ಹೊಣೆ ಅವರದು. ಆದ್ದರಿಂದ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಪ್ರತಿ 50 ಆಸನಗಳಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಇರಬೇಕೆಂಬ ನಿಯಮವಿದೆ. 180 ಆಸನಗಳ ವಿಮಾನಕ್ಕೆ ನಾಲ್ವರು ಬೇಕು. ಪೈಲಟ್‌ಗಳು, ಇಂಧನ, ಪ್ರಯಾಣಿಕರು ಎಲ್ಲವೂ ಸಿದ್ಧವಿದ್ದರೂ ಮೂವರೇ ಬಂದರೆ ಆ ವಿಮಾನವು ತನ್ನ ಪೂರ್ಣ ಪ್ರಯಾಣಿಕರೊಂದಿಗೆ ಹೊರಡುವಂತಿಲ್ಲ. ಬದಲಿ ನೌಕರರನ್ನು ಹೊರಗಿನಿಂದ ಕರೆತರುವುದೂ ಸುಲಭವಲ್ಲ. ಆಯಾ ಮಾದರಿಯ ವಿಮಾನದಲ್ಲಿ ತರಬೇತಿ ಪಡೆದವರು ಮಾತ್ರ ಅದರಲ್ಲಿ ಕೆಲಸ ಮಾಡಬಹುದು.

ಒಂದು ವಿಮಾನ ಒಂದೇ ದಿನದಲ್ಲಿ ಹಲವು ಊರುಗಳ ನಡುವೆ ಸಂಚರಿಸುವುದರಿಂದ ಬೆಳಗಿನ ಒಂದು ರದ್ದತಿ ಸಂಜೆಯವರೆಗಿನ ಸರಣಿಯನ್ನೇ ಕೆಡಿಸುತ್ತದೆ. ಮುಷ್ಕರ ಮುಗಿದ ಕೂಡಲೇ ಸೇವೆ ಸರಿಹೋಗದಿರಲು ಇದೇ ಕಾರಣ. ವಿಮಾನಗಳು ಒಂದು ಊರಿನಲ್ಲಿ, ಸಿಬ್ಬಂದಿ ಇನ್ನೊಂದು ಊರಿನಲ್ಲಿ, ಕಾದಿರುವ ಪ್ರಯಾಣಿಕರು ಮತ್ತೊಂದು ಊರಿನಲ್ಲಿ ಉಳಿದಿರುತ್ತಾರೆ.

ಮುಷ್ಕರದ ಘೋಷಣೆ ಮತ್ತು ವಿಮಾನದ ರದ್ದತಿ

ಮುಷ್ಕರದ ಘೋಷಣೆಯಾದ ಮಾತ್ರಕ್ಕೆ ಪ್ರಯಾಣಿಕನಿಗೆ ಹಕ್ಕು ಹುಟ್ಟುವುದಿಲ್ಲ. ವಿಮಾನ ರದ್ದಾದಾಗ ಅಥವಾ ನಿಯಮದಲ್ಲಿ ಹೇಳಿದಷ್ಟು ತಡವಾದಾಗ ಮಾತ್ರ ಅದು ಹುಟ್ಟುತ್ತದೆ. ಬ್ರಿಟಿಷ್ ಏರ್‌ವೇಸ್‌ನ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ದೂರದ ವಿಮಾನಗಳಲ್ಲಿ ಸಿಬ್ಬಂದಿಯ ಸಂಖ್ಯೆಯನ್ನು ತಗ್ಗಿಸಿದ್ದನ್ನು ವಿರೋಧಿಸಿ ಯುನೈಟ್ ಕಾರ್ಮಿಕ ಸಂಘವು 2009ರ ಕ್ರಿಸ್‌ಮಸ್ ವೇಳೆಗೆ 12 ದಿನಗಳ ಮುಷ್ಕರ ಘೋಷಿಸಿತು. ಡಿಸೆಂಬರ್ 17ರಂದು ಲಂಡನ್ನಿನ ಹೈಕೋರ್ಟ್, ಮತದಾನದಲ್ಲಿ ಲೋಪವಿದೆಯೆಂದು ಅದಕ್ಕೆ ತಡೆ ನೀಡಿತು. ವಿಮಾನಗಳು ಎಂದಿನಂತೆ ಹಾರಿದವು. ಇಂತಹ ಸಂದರ್ಭದಲ್ಲಿ ಆತಂಕದಿಂದ ಬೇರೆ ಸಂಸ್ಥೆಯ ಟಿಕೆಟ್ ಕೊಂಡವನ ಹಳೆಯ ಟಿಕೆಟ್ ರದ್ದಾಗಿರುವುದಿಲ್ಲ. ಹೊಸ ಟಿಕೆಟಿನ ವೆಚ್ಚವನ್ನು ಕೊಡಲು ಯಾರೂ ಬಾಧ್ಯರಲ್ಲ.

2010ರಲ್ಲಿ ಅದೇ ವಿವಾದ ನಿಜವಾದ ಮುಷ್ಕರಕ್ಕೆ ತಿರುಗಿ, ಮಾರ್ಚ್‌ನಿಂದ ಜೂನ್‌ವರೆಗೆ ಬಿಡಿಬಿಡಿಯಾಗಿ ಒಟ್ಟು 22 ದಿನ ನಡೆಯಿತು. ಸಂಸ್ಥೆಯು ಇತರ ವಿಭಾಗಗಳ ನೌಕರರಿಗೆ ಕ್ಯಾಬಿನ್ ತರಬೇತಿ ಕೊಟ್ಟಿತು. ಸಿಬ್ಬಂದಿಸಹಿತ ವಿಮಾನಗಳನ್ನು ಬಾಡಿಗೆಗೆ ಪಡೆಯಿತು. ಉಳಿದ ಪ್ರಯಾಣಿಕರಿಗೆ ಮರುಬುಕಿಂಗ್ ಅಥವಾ ಮರುಪಾವತಿಯೇ ಗತಿಯಾಯಿತು.

ಅನೇಕ ಸಂಸ್ಥೆಗಳು ಮುಷ್ಕರದ ಸೂಚನೆ ಬಂದೊಡನೆ ಶುಲ್ಕವಿಲ್ಲದೆ ದಿನಾಂಕ ಬದಲಿಸಿಕೊಳ್ಳುವ ಅವಕಾಶ ನೀಡುತ್ತವೆ. ಇದು ಸಂಸ್ಥೆಯ ಸೌಜನ್ಯವೇ ಹೊರತು ಕಾನೂನಿನ ಕಟ್ಟಳೆಯಲ್ಲ. ಆದರೂ ತುರ್ತಿಲ್ಲದ ಪ್ರಯಾಣಿಕನಿಗೆ ಇದಕ್ಕಿಂತ ಸುಲಭವಾದ ದಾರಿ ಬೇರೆಯಿಲ್ಲ, ಏಕೆಂದರೆ ಆ ಹೊತ್ತಿಗೆ ಮುಂದಿನ ದಿನಗಳ ವಿಮಾನಗಳಲ್ಲಿ ಆಸನಗಳು ಇನ್ನೂ ಉಳಿದಿರುತ್ತವೆ.

ಆಸನ ಹುಡುಕುವ ಕ್ರಮ

ರದ್ದತಿಯ ನಂತರ ಸಂಸ್ಥೆಯ ಗಣಕ ವ್ಯವಸ್ಥೆಯು ಸಾಮಾನ್ಯವಾಗಿ ಪ್ರಯಾಣಿಕನನ್ನು ತನ್ನದೇ ಮುಂದಿನ ವಿಮಾನಕ್ಕೆ ತಾನಾಗಿ ವರ್ಗಾಯಿಸುತ್ತದೆ. ಮುಷ್ಕರದಲ್ಲಿ ಈ ಏರ್ಪಾಡಿಗೆ ಒಂದು ದೊಡ್ಡ ಕೊರತೆಯಿದೆ. ಮಂಜು ಅಥವಾ ಯಂತ್ರದೋಷದಿಂದ ರದ್ದಾದಾಗ ಮುಂದಿನ ವಿಮಾನ ಹಾರುವ ಸಂಭವ ಹೆಚ್ಚು. ಮುಷ್ಕರದಲ್ಲಾದರೋ ಅದೇ ಸಂಸ್ಥೆಯ ಮುಂದಿನ ವಿಮಾನಕ್ಕೂ ಅದೇ ಗತಿಯಾಗಬಹುದು. ನಾಳೆಯ ವಿಮಾನಕ್ಕೆ ಸೇರಿಸಲ್ಪಟ್ಟವನು ನಾಳೆ ಮತ್ತೆ ರದ್ದತಿಯ ಸಂದೇಶವನ್ನೇ ಪಡೆಯಬಹುದು. ಆದ್ದರಿಂದ ಮುಷ್ಕರದ ಘೋಷಿತ ಅವಧಿಯನ್ನು ನೋಡದೆ ತಾನಾಗಿ ಬಂದ ಹೊಸ ಟಿಕೆಟನ್ನು ಒಪ್ಪುವುದು ಜಾಣತನವಲ್ಲ.

ಬೇರೆ ಸಂಸ್ಥೆಯ ವಿಮಾನಕ್ಕೆ ವರ್ಗಾಯಿಸಲು ಎರಡೂ ಸಂಸ್ಥೆಗಳ ನಡುವೆ ಪರಸ್ಪರರ ಟಿಕೆಟ್ ಮಾನ್ಯಮಾಡುವ ಇಂಟರ್‌ಲೈನ್ ಒಪ್ಪಂದವಿದ್ದರೆ ಕೆಲಸ ಸುಲಭ. ಅಗ್ಗದ ದರದ ಸಂಸ್ಥೆಗಳಲ್ಲಿ ಹಲವು ಇಂತಹ ಒಪ್ಪಂದಗಳಿಂದ ದೂರ ಉಳಿದಿವೆ. ಆಗ ಸಂಸ್ಥೆಯು ಪ್ರಯಾಣಿಕನಿಗಾಗಿ ಹೊಸ ಟಿಕೆಟನ್ನೇ ಕೊಳ್ಳಬೇಕಾಗುತ್ತದೆ. ಕೊನೆಯ ಗಳಿಗೆಯ ದರ ದುಬಾರಿಯಾದ್ದರಿಂದ ಅವು ಹಿಂಜರಿಯುತ್ತವೆ, ಪ್ರಯಾಣಿಕ ಕೇಳದಿದ್ದರೆ ಆ ಮಾತನ್ನೇ ಎತ್ತುವುದಿಲ್ಲ.

ಎರಡು ವಿಮಾನಗಳ ಪ್ರಯಾಣವು ಒಂದೇ ಬುಕಿಂಗ್ ಸಂಖ್ಯೆಯಡಿ ಇದ್ದರೆ, ಮೊದಲನೆಯದು ರದ್ದಾದಾಗ ಕೊನೆಯ ಊರಿನವರೆಗೆ ತಲುಪಿಸುವ ಹೊಣೆ ಸಂಸ್ಥೆಯದು. ಪ್ರತ್ಯೇಕವಾಗಿ ಕೊಂಡ ಟಿಕೆಟ್‌ಗಳಾದರೆ ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ಆತ ವಿಮಾನ ತಪ್ಪಿಸಿಕೊಂಡವನು ಮಾತ್ರ. ಹೋಗಿಬರುವ ಟಿಕೆಟಿನಲ್ಲಿ ಹೋಗುವ ಭಾಗವನ್ನು ತಿಳಿಸದೆ ಬಿಟ್ಟು ಬೇರೆ ದಾರಿಯಲ್ಲಿ ಹೋದರೆ, ಹಿಂದಿರುಗುವ ಭಾಗವನ್ನೂ ಸಂಸ್ಥೆ ರದ್ದುಮಾಡುವುದುಂಟು.

ಮರುಪಾವತಿಯ ಆಯ್ಕೆಯೂ ಎಚ್ಚರ ಬೇಡುತ್ತದೆ. ಪೂರ್ಣ ಹಣವನ್ನು ಒಪ್ಪಿಕೊಂಡರೆ ಪ್ರಯಾಣದ ಕರಾರು ಅಲ್ಲಿಗೇ ಮುಗಿಯುತ್ತದೆ. ಪರ್ಯಾಯ ವಿಮಾನದ ಬಾಧ್ಯತೆಯೂ ಊಟ ವಸತಿಯ ಬಾಧ್ಯತೆಯೂ ಅದರೊಂದಿಗೆ ಕೊನೆಗೊಳ್ಳುತ್ತವೆ. ತಿಂಗಳುಗಳ ಹಿಂದೆ ಕೊಂಡ ಟಿಕೆಟಿನ ಹಣದಲ್ಲಿ ಮುಷ್ಕರದ ದಿನ ಅದೇ ಮಾರ್ಗದ ಟಿಕೆಟ್ ಸಿಗುವುದು ಅಪರೂಪ.

ಯುರೋಪಿನ ನಿಯಮ ಮತ್ತು ತೀರ್ಪುಗಳು

ಐರೋಪ್ಯ ಒಕ್ಕೂಟದ 261/2004 ಸಂಖ್ಯೆಯ ನಿಯಮವು ಈ ವಿಷಯದಲ್ಲಿ ಹೆಚ್ಚು ಚರ್ಚೆಗೊಳಗಾದದ್ದು. ಅದರಂತೆ ರದ್ದತಿಯಾದಾಗ ಮರುಪಾವತಿ, ಸಾಧ್ಯವಾದಷ್ಟು ಬೇಗ ಹೊರಡುವ ಪರ್ಯಾಯ ಪ್ರಯಾಣ ಅಥವಾ ಮುಂದೆ ತನಗೆ ಅನುಕೂಲವಾದ ದಿನದ ಪ್ರಯಾಣ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅಧಿಕಾರ ಪ್ರಯಾಣಿಕನದು. ಕಾಯುವ ಅವಧಿಯಲ್ಲಿ ಊಟ ಮತ್ತು ಅಗತ್ಯವಿದ್ದರೆ ಹೋಟೆಲ್ ವಸತಿ ಒದಗಿಸಬೇಕು. ದೂರಕ್ಕೆ ತಕ್ಕಂತೆ 250, 400 ಅಥವಾ 600 ಯೂರೋ ಪರಿಹಾರಧನವೂ ಇದೆ. ಆದರೆ 14 ದಿನ ಮೊದಲೇ ತಿಳಿಸಿದ್ದರೆ ಅಥವಾ ರದ್ದತಿಗೆ ತಪ್ಪಿಸಲಾಗದ ‘ಅಸಾಧಾರಣ ಸನ್ನಿವೇಶ’ ಕಾರಣವಾಗಿದ್ದರೆ ಅದನ್ನು ಕೊಡಬೇಕಿಲ್ಲ.

ತನ್ನದೇ ನೌಕರರ ಮುಷ್ಕರ ಅಸಾಧಾರಣ ಸನ್ನಿವೇಶವೇ? ಸಂಸ್ಥೆಗಳು ಹೌದೆಂದು ಬಹುಕಾಲ ವಾದಿಸಿದವು. 2016ರ ಅಕ್ಟೋಬರಿನಲ್ಲಿ ಜರ್ಮನಿಯ ಟುಯಿಫ್ಲೈ ಸಂಸ್ಥೆಯ ಪುನಾರಚನೆಯ ಸುದ್ದಿ ಹೊರಬಿದ್ದ ಮರುದಿನದಿಂದಲೇ ನೌಕರರು ಸಾಲುಸಾಲಾಗಿ ಅನಾರೋಗ್ಯದ ರಜೆ ಹಾಕಿದರು; ಒಂದು ಹಂತದಲ್ಲಿ ಪೈಲಟ್‌ಗಳಲ್ಲಿ ಶೇ. 89, ಕ್ಯಾಬಿನ್ ಸಿಬ್ಬಂದಿಯಲ್ಲಿ ಶೇ. 62 ಮಂದಿ ಗೈರಾಗಿದ್ದರು. ಸಂಸ್ಥೆಯ ಅನಿರೀಕ್ಷಿತ ನಿರ್ಧಾರಕ್ಕೆ ನೌಕರರಿಂದ ಬಂದ ಇಂತಹ ಪ್ರತಿಕ್ರಿಯೆಯೂ ಅಸಾಧಾರಣವಲ್ಲವೆಂದು ಐರೋಪ್ಯ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ಹೇಳಿತು. 2019ರ ಅಕ್ಟೋಬರ್ 20ರಂದು ಯೂರೋವಿಂಗ್ಸ್ ಕ್ಯಾಬಿನ್ ಸಿಬ್ಬಂದಿ ನಡೆಸಿದ ಮುಷ್ಕರ ಇನ್ನೂ ತೊಡಕಿನದು. ಮಾತೃಸಂಸ್ಥೆ ಲುಫ್ತಾನ್ಸಾದ ನೌಕರರಿಗೆ ಬೆಂಬಲವಾಗಿ ಆರಂಭವಾದ ಅದನ್ನು ಸಂಘವು ಅದೇ ದಿನ ನಸುಕಿನಲ್ಲಿ ಹಠಾತ್ತನೆ ಮಧ್ಯರಾತ್ರಿಯವರೆಗೆ ವಿಸ್ತರಿಸಿತ್ತು. ಸಾಲ್ಜ್‌ಬರ್ಗ್‌ನಿಂದ ಬರ್ಲಿನ್‌ಗೆ ಹೋಗಬೇಕಿದ್ದ ಪ್ರಯಾಣಿಕರೊಬ್ಬರ ದಾವೆಯಲ್ಲಿ ನ್ಯಾಯಾಲಯವು 2021ರ ಅಕ್ಟೋಬರ್ 6ರಂದು, ವೇತನದ ಬೇಡಿಕೆಯ ಮುಷ್ಕರ ಸಂಸ್ಥೆಯ ದೈನಂದಿನ ವ್ಯವಹಾರದ ಭಾಗವೇ ಎಂದು ತೀರ್ಪಿತ್ತಿತು. ವಿಮಾನ ನಿಲ್ದಾಣದ ನೌಕರರು ಅಥವಾ ವಾಯುಸಂಚಾರ ನಿಯಂತ್ರಕರಂತಹ ಹೊರಗಿನವರ ಮುಷ್ಕರ ಬೇರೆ ಮಾತು.

ಮರುಬುಕಿಂಗ್‌ಗೆ ಸಂಬಂಧಿಸಿದ ಎರಡು ತೀರ್ಪುಗಳು ಇವುಗಳಷ್ಟು ಪ್ರಸಿದ್ಧವಲ್ಲ, ಆದರೆ ಸಾಮಾನ್ಯ ಪ್ರಯಾಣಿಕನಿಗೆ ಹೆಚ್ಚು ಉಪಯುಕ್ತ. 2020ರ ಜೂನ್‌ನ ತೀರ್ಪೊಂದರ ಪ್ರಕಾರ, ಬೇರೆ ಸಂಸ್ಥೆಯ ನೇರ ಅಥವಾ ಸಂಪರ್ಕ ವಿಮಾನದಲ್ಲಿ ಮೊದಲೇ ತಲುಪಿಸಬಹುದಾದ ಆಸನ ಲಭ್ಯವಿರುವಾಗ, ತನ್ನದೇ ಮರುದಿನದ ವಿಮಾನದಲ್ಲಿ ಸ್ಥಳ ಕೊಟ್ಟ ಮಾತ್ರಕ್ಕೆ ಸಂಸ್ಥೆಯು ಸಾಧ್ಯವಿದ್ದ ಕ್ರಮಗಳನ್ನೆಲ್ಲ ಕೈಗೊಂಡಂತಾಗುವುದಿಲ್ಲ. ಇನ್ನೊಂದು ಪ್ರಕರಣ ಫಿನ್‌ಏರ್‌ಗೆ ಸೇರಿದ್ದು. 2006ರ ಜುಲೈ 28ರಂದು ಬಾರ್ಸಿಲೋನಾ ವಿಮಾನ ನಿಲ್ದಾಣದ ನೌಕರರ ಮುಷ್ಕರದಿಂದ ಹೆಲ್ಸಿಂಕಿಗೆ ಹೋಗುವ ವಿಮಾನ ರದ್ದಾಯಿತು. ಅದರ ಪ್ರಯಾಣಿಕರಲ್ಲಿ ಕೆಲವರನ್ನು ಮರುದಿನದ ವಿಮಾನಕ್ಕೆ, ಮರುದಿನದವರಲ್ಲಿ ಕೆಲವರನ್ನು ಅದರ ಮರುದಿನದ ವಿಮಾನಕ್ಕೆ ಸಂಸ್ಥೆ ತಳ್ಳುತ್ತಾ ಹೋಯಿತು. ಜುಲೈ 30ರಂದು ಖಚಿತ ಟಿಕೆಟಿನೊಂದಿಗೆ ಬಂದವರೊಬ್ಬರಿಗೆ ಹತ್ತಲು ಅವಕಾಶ ಸಿಗದೆ ಆ ರಾತ್ರಿಯ ವಿಶೇಷ ವಿಮಾನದವರೆಗೆ ಕಾಯಬೇಕಾಯಿತು. ಎರಡು ದಿನ ಕಾದವರಿಗೆ ಆದ್ಯತೆ ಕೊಡುವುದು ನ್ಯಾಯವೆನಿಸಬಹುದು. ಆದರೆ ಅದರ ಬೆಲೆಯನ್ನು ಮತ್ತೊಬ್ಬ ಪ್ರಯಾಣಿಕ ತೆರುವಂತಿಲ್ಲ, ಹಾಗೆ ಹೊರಗುಳಿದವನಿಗೆ ಪರಿಹಾರಧನ ಸಲ್ಲಬೇಕು ಎಂದು ನ್ಯಾಯಾಲಯ 2012ರಲ್ಲಿ ನಿರ್ಣಯಿಸಿತು.

ಕೆನಡಾ

ಕೆನಡಾದ ನಿಯಮ ಬೇರೆ ಹಾದಿ ಹಿಡಿದಿದೆ. ಅಲ್ಲಿ ಸಂಸ್ಥೆಯ ಸ್ವಂತ ನೌಕರರ ಮುಷ್ಕರವೂ ‘ಸಂಸ್ಥೆಯ ಹತೋಟಿಗೆ ಮೀರಿದ’ ಕಾರಣಗಳ ಪಟ್ಟಿಯಲ್ಲಿದೆ. ಹಾಗಾಗಿ ಪರಿಹಾರಧನವಿಲ್ಲ, ಊಟ ವಸತಿಯ ಕಡ್ಡಾಯವೂ ಇಲ್ಲ. ಮರುಬುಕಿಂಗ್ ಮಾತ್ರ ಕಡ್ಡಾಯ. ದೊಡ್ಡ ಸಂಸ್ಥೆಯು 48 ಗಂಟೆಗಳೊಳಗೆ ಹೊರಡುವ ತನ್ನ ಅಥವಾ ತನ್ನ ಪಾಲುದಾರರ ವಿಮಾನದಲ್ಲಿ ಸ್ಥಳ ಕೊಡಬೇಕು. ಆಗದಿದ್ದರೆ ಪ್ರಯಾಣಿಕನ ಇಚ್ಛೆಯಂತೆ ಹಣ ಹಿಂದಿರುಗಿಸಬೇಕು, ಇಲ್ಲವೇ ಪ್ರತಿಸ್ಪರ್ಧಿ ಸಂಸ್ಥೆಯೂ ಸೇರಿದಂತೆ ಯಾವುದೇ ವಿಮಾನದಲ್ಲಿ ಕಳುಹಿಸಬೇಕು.

2025ರ ಆಗಸ್ಟ್ 16ರಂದು ಏರ್ ಕೆನಡಾದ 10,000ಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಮುಷ್ಕರ ಹೂಡಿದಾಗ ಈ ನಿಯಮಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ವಿಮಾನ ನೆಲದ ಮೇಲಿರುವಾಗಿನ ಕೆಲಸಕ್ಕೂ ವೇತನ ಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಸರ್ಕಾರ ಅದೇ ದಿನ ಮಧ್ಯಪ್ರವೇಶಿಸಿ ಕೆಲಸಕ್ಕೆ ಮರಳುವ ಆದೇಶಕ್ಕೆ ದಾರಿಮಾಡಿತಾದರೂ ಸಂಘ ಅದನ್ನು ಧಿಕ್ಕರಿಸಿತು, 19ರಂದು ಒಪ್ಪಂದವಾಯಿತು. ದಿನಕ್ಕೆ ಸುಮಾರು 1,30,000 ಜನರನ್ನು ಸಾಗಿಸುವ ಸಂಸ್ಥೆ ನಿಂತಾಗ, ಬೇಸಿಗೆ ರಜೆಯ ಆ ದಿನಗಳಲ್ಲಿ ಅಷ್ಟು ಆಸನಗಳು ಬೇರೆ ಸಂಸ್ಥೆಗಳಲ್ಲಿ ಇರಲೇ ಇಲ್ಲ. ಹಕ್ಕು ಎಷ್ಟೇ ಸ್ಪಷ್ಟವಾಗಿದ್ದರೂ ಆಸನವಿಲ್ಲದ ಕಡೆ ಅದರಿಂದ ಸಿಗುವುದು ಹಣ ಮಾತ್ರ.

ಭಾರತ

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮಗಳು ಅನ್ವಯಿಸುತ್ತವೆ. ರದ್ದತಿಯಾದಾಗ ಪರ್ಯಾಯ ವಿಮಾನ ಅಥವಾ ಮರುಪಾವತಿ ನೀಡಬೇಕು. ನಿಲ್ದಾಣಕ್ಕೆ ಬಂದು ಪರ್ಯಾಯ ವಿಮಾನಕ್ಕಾಗಿ ಕಾಯುವವರಿಗೆ ಊಟ ಉಪಾಹಾರ ಒದಗಿಸಬೇಕು. ಸಕಾಲದಲ್ಲಿ ತಿಳಿಸದಿದ್ದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಕಡಿಮೆಯಾದ ಮೊತ್ತ ಪರಿಹಾರಧನವಾಗಿ ಸಲ್ಲುತ್ತದೆ. ಆದರೆ ಮುಷ್ಕರ ಮತ್ತು ಕಾರ್ಮಿಕ ವಿವಾದಗಳನ್ನು ನಿಯಮವೇ ಅಸಾಧಾರಣ ಸನ್ನಿವೇಶಗಳ ಸಾಲಿಗೆ ಸೇರಿಸಿ ಪರಿಹಾರಧನದಿಂದ ಸಂಸ್ಥೆಗೆ ವಿನಾಯಿತಿ ಕೊಟ್ಟಿದೆ. ಟಿಕೆಟ್ ಕೊಳ್ಳುವಾಗ ತನ್ನ ಸರಿಯಾದ ದೂರವಾಣಿ ಸಂಖ್ಯೆ ಕೊಡದವನಿಗೂ ಪರಿಹಾರಧನವಿಲ್ಲ. ಏಜೆಂಟರ ಮೂಲಕ ಟಿಕೆಟ್ ಪಡೆದವರ ವಿಷಯದಲ್ಲಿ ಏಜೆಂಟರ ಸಂಖ್ಯೆಯೇ ದಾಖಲಾಗಿರುವುದು ಸಾಮಾನ್ಯ.

2024ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೂರಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಕರ್ತವ್ಯದ ಕೊನೆಯ ಗಳಿಗೆಯಲ್ಲಿ ಅನಾರೋಗ್ಯದ ಕಾರಣ ನೀಡಿ ಗೈರಾದರು. ಬೆಂಗಳೂರು ಮೂಲದ ಏರ್‌ಏಷ್ಯಾ ಇಂಡಿಯಾ, ಅಂದರೆ ಆಗಿನ ಎಐಎಕ್ಸ್ ಕನೆಕ್ಟ್, ಜೊತೆಗಿನ ವಿಲೀನದ ಸಂದರ್ಭದಲ್ಲಿ ಹುಟ್ಟಿದ ಅಸಮಾಧಾನ ಇದರ ಹಿನ್ನೆಲೆಯಲ್ಲಿತ್ತು. 80ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸಂಸ್ಥೆಯು ಸುಮಾರು 25 ಮಂದಿಯನ್ನು ವಜಾಗೊಳಿಸಿತು. 9ರಂದು ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಸಮ್ಮುಖದಲ್ಲಿ ನಡೆದ ಸಂಧಾನದಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಒಪ್ಪಿತು. ಪ್ರಯಾಣಿಕರಿಗೆ ಪೂರ್ಣ ಮರುಪಾವತಿ ಅಥವಾ ಶುಲ್ಕರಹಿತ ದಿನಾಂಕ ಬದಲಾವಣೆಯನ್ನು ನೀಡಲಾಯಿತು, ಏರ್ ಇಂಡಿಯಾ 20 ಮಾರ್ಗಗಳಲ್ಲಿ ನೆರವಾಯಿತು. ಈ ಸಂಸ್ಥೆಯ ಮುಖ್ಯ ಆಧಾರ ಕೇರಳ ಮತ್ತು ಮಂಗಳೂರಿನಂತಹ ಕರಾವಳಿಯ ನಿಲ್ದಾಣಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರು. ರಜೆ ಮುಗಿದು ನಿಗದಿತ ದಿನ ಕೆಲಸಕ್ಕೆ ಹಾಜರಾಗಬೇಕಾದವರಿಗೆ, ವೀಸಾ ಅವಧಿ ಮುಗಿಯುತ್ತಿರುವವರಿಗೆ ಹಣಕ್ಕಿಂತ ಆಸನವೇ ಮುಖ್ಯ.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ವಿಮಾನಯಾನವು ಸಾರ್ವಜನಿಕ ಉಪಯುಕ್ತ ಸೇವೆ; ಅದರಲ್ಲಿ ಮುಷ್ಕರಕ್ಕೆ ಕನಿಷ್ಠ 14 ದಿನಗಳ ಮುನ್ಸೂಚನೆ ಕಡ್ಡಾಯವಾಗಿತ್ತು. ಸೂಚನೆ ಕೊಟ್ಟು ನಡೆಯುವ ಮುಷ್ಕರದಲ್ಲಿ ಪ್ರಯಾಣಿಕನಿಗೂ ಎರಡು ವಾರಗಳ ಕಾಲಾವಕಾಶ ದೊರೆಯುತ್ತದೆ. ಸಾಮೂಹಿಕ ಅನಾರೋಗ್ಯ ರಜೆಯಲ್ಲಿ ಆ ಅವಕಾಶವಿಲ್ಲ. ಪ್ರಯಾಣಿಕನಿಗೆ ವಿಷಯ ತಿಳಿಯುವುದು ಬಹುಮಟ್ಟಿಗೆ ನಿಲ್ದಾಣದಲ್ಲಿ.

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಮರುಬುಕಿಂಗ್‌ನಲ್ಲಿ ಇನ್ನೊಂದು ತೊಡಕಿದೆ. ಪರ್ಯಾಯ ಮಾರ್ಗವು ಬ್ರಿಟನ್ ಅಥವಾ ಅಮೆರಿಕದ ಮೂಲಕ ಹಾದುಹೋದರೆ, ಅಲ್ಲಿ ವಿಮಾನ ಬದಲಿಸುವುದಕ್ಕೇ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಗಣಕ ವ್ಯವಸ್ಥೆ ತಾನಾಗಿ ಆರಿಸುವ ಮಾರ್ಗದಲ್ಲಿ ಇದರ ಪರಿಶೀಲನೆ ಇರುವುದಿಲ್ಲ. ಹೊಸ ಟಿಕೆಟನ್ನು ಒಪ್ಪುವ ಮುನ್ನವೇ ಇದನ್ನು ಕೌಂಟರಿನಲ್ಲಿ ತಿಳಿಸಿ, ವೀಸಾ ಬೇಡದ ಮಾರ್ಗವನ್ನು ಕೇಳಬೇಕಾಗುತ್ತದೆ.